ಗೋಡೆ ಏಳುವ ಜಾಗ ಮೊದಲೇ ನಿಗದಿ

ನೀರಿನ ಲೋಟದ ಮೇಲೆ ಕೂರಿಸಿದ ಈರುಳ್ಳಿ ಕೆಲವೇ ದಿನಗಳಲ್ಲಿ ಬಿಳಿ ಬೇರು ಬಿಡುತ್ತದೆ. ಆ ಬೇರಿನ ತುದಿಯನ್ನು ಚೂರೇ ಚೂರು ಕತ್ತರಿಸಿ, ಆಮ್ಲದಲ್ಲಿ ಮೆತ್ತಗೆ ಮಾಡಿ, ಅಸಿಟೋಕಾರ್ಮೈನ್ ಬಣ್ಣ ಹಾಕಿ, ಕವರ್ ಸ್ಲಿಪ್ ಇಟ್ಟು ಹೆಬ್ಬೆರಳಿನಿಂದ ಅದುಮಬೇಕು. ಮೈಕ್ರೋಸ್ಕೋಪಿನಲ್ಲಿ, ಒಂದು ಎರಡಾಗುತ್ತಿರುವ ಕೋಶಗಳೊಳಗೆ, ಕೆಂಪಗೆ ವರ್ಣತಂತುಗಳು, ಅಂದರೆ ವಂಶವಾಹಿಗಳನ್ನು ಹೊತ್ತ ಎಳೆಗಳು, ಕಾಣುತ್ತವೆ. ಈರುಳ್ಳಿಯಲ್ಲಿ ಅವು 16. ಪಿಯುಸಿ ಲ್ಯಾಬಿನಲ್ಲಿ ಇದನ್ನು ನೋಡಿದವರು ಬಹಳ ಮಂದಿ. ಆದರೆ ಜಾಸ್ತಿ ಸ್ವಾರಸ್ಯ ಇರುವುದು ವರ್ಣತಂತುಗಳು ಎರಡು ಕಡೆಗೆ ಸರಿದ ಮೇಲೆ.

ಅಲ್ಲಿಯವರೆಗೆ ಗಿಡಕ್ಕೂ ಪ್ರಾಣಿಗೂ ಅಂಥ ವ್ಯತ್ಯಾಸವಿಲ್ಲ. ವರ್ಣತಂತುಗಳನ್ನು ಹಂಚುವಾಗ ನೆರವಾಗುವ ಸೆಂಟ್ರಿಯೋಲ್ ಎಂಬ ಪುಟ್ಟ ಭಾಗ ಪ್ರಾಣಿಕೋಶದಲ್ಲಿ ಇದೆ, ಹೂಬಿಡುವ ಗಿಡಗಳಲ್ಲಿ ಇಲ್ಲ. ಪರೀಕ್ಷೆಗೆ ಇದನ್ನೇ ಬಾಯಿಪಾಠ ಮಾಡುತ್ತೇವೆ. ನನಗಂತೂ ಇದು ಸಣ್ಣ ವಿಷಯ. ಸೆಂಟ್ರಿಯೋಲ್ ಇಲ್ಲದೆಯೂ ಗಿಡದ ಕೋಶ ವರ್ಣತಂತುಗಳನ್ನು ಸರಿಯಾಗಿಯೇ ಹಂಚುತ್ತದೆ.

ಪ್ರಾಣಿಕೋಶದ ಹೊರಗೆ ಗೋಡೆಯಿಲ್ಲ, ತೆಳು ಪೊರೆ ಅಷ್ಟೇ. ಆ ಪೊರೆಯ ಒಳಮೈಯಲ್ಲಿ ಆಕ್ಟಿನ್, ಮಯೋಸಿನ್ ಸೇರಿ ಒಂದು ಉಂಗುರ ಆಗುತ್ತದೆ. ನಮ್ಮ ಸ್ನಾಯುಗಳನ್ನು ಕುಗ್ಗಿಸುವ ಪ್ರೋಟೀನುಗಳೂ ಇವೇ. ಚೀಲದ ಲಾಡಿ ಎಳೆದ ಹಾಗೆ ಉಂಗುರ ಬಿಗಿಯುತ್ತಾ ಹೋಗಿ ಕೋಶ ಎರಡಾಗುತ್ತದೆ.

ಗಿಡದ ಕೋಶದ ಸುತ್ತ ಸೆಲ್ಯುಲೋಸಿನ ಗಟ್ಟಿ ಗೋಡೆ. ಅದನ್ನು ಹಿಂಡಲು ಆಗುತ್ತದಾ? ಹಾಗಾಗಿ ಒಳಗೇ ಹೊಸ ಗೋಡೆ ಕಟ್ಟಬೇಕು. ಅಂಟಿನಂಥ ಪೆಕ್ಟಿನ್ ತುಂಬಿದ ಪುಟ್ಟ ಗುಳ್ಳೆಗಳು, ಕೋಶದ ಸರಕನ್ನು ಕಟ್ಟಿ ಕಳಿಸುವ ಗಾಲ್ಗಿ ಎಂಬ ಭಾಗದಿಂದ ಹೊರಟು ಕೋಶದ ನಡುವೆ ಸೇರುತ್ತವೆ. ಒಂದಕ್ಕೊಂದು ಬೆಸೆದು ಹಾಳೆಯಾಗುತ್ತವೆ. ಹಾಳೆ ಅಂಚಿನತ್ತ ಬೆಳೆದು ಹಳೆಯ ಗೋಡೆಯನ್ನು ಮುಟ್ಟುತ್ತದೆ. ಅಲ್ಲಲ್ಲಿ ಸಣ್ಣ ಕಂಡಿಗಳೂ ಉಳಿಯುತ್ತವೆ. ಅಕ್ಕಪಕ್ಕದ ಕೋಶಗಳ ಕೊಡುಕೊಳ್ಳುವಿಕೆ ಅವುಗಳ ಮೂಲಕವೇ.

ಹಾಳೆ ಎಲ್ಲೆಂದರಲ್ಲಿ ಹೋಗಿ ಅಂಟುವುದಿಲ್ಲ. 1966ರಲ್ಲಿ ಪಿಕೆಟ್-ಹೀಪ್ಸ್ ಮತ್ತು ನಾರ್ತ್‌ಕೋಟ್ ಎಂಬ ವಿಜ್ಞಾನಿಗಳು ಗೋಧಿಯ ಕೋಶಗಳಲ್ಲಿ ಒಂದು ಪಟ್ಟಿ ಕಂಡರು. ವಿಭಜನೆಗೆ ಮುಂಚೆ ಪೊರೆಯ ಒಳಗೆ ಸುತ್ತಿಕೊಂಡು, ಬೇಗನೆ ಇಲ್ಲವಾಗುವ ಪಟ್ಟಿ. ಆಮೇಲೆ ಹೊಸ ಗೋಡೆ ಬಂದು ಕೂಡುವುದು ಸಾಮಾನ್ಯವಾಗಿ ಅದೇ ಜಾಗಕ್ಕೆ! ಅಲ್ಲಿ ಕೆಲವು ಪ್ರೋಟೀನುಗಳು ಗುರುತಾಗಿ ಉಳಿದಿರುತ್ತವೆ. ಪ್ರಾಣಿಯ ಭ್ರೂಣದಲ್ಲಿ ಕೋಶಗಳು ಸರಿದಾಡಿ ಅಂಗಗಳಾಗುತ್ತವೆ. ಗಿಡದ ಕೋಶಕ್ಕೆ ಹುಟ್ಟಿದ ಜಾಗವೇ ಗತಿ. ಗೋಡೆ ಯಾವ ದಿಕ್ಕಿಗೆ ಬಿತ್ತು ಅನ್ನುವುದರ ಮೇಲೆ ಬೇರು, ಎಲೆಗಳ ಆಕಾರ ಬಹಳಷ್ಟು ನಿಂತಿದೆ.

ಗೋಡೆ ಕಟ್ಟುವುದನ್ನು ಮುಂದಕ್ಕೆ ಹಾಕುವ ಕೋಶಗಳೂ ಉಂಟು. ಎಳನೀರು ಕುಡಿಯುತ್ತೇವಲ್ವಾ, ಅದರಲ್ಲಿ ವರ್ಣತಂತುಗಳಿರುವ ಸಾವಿರಾರು ಕೋಶಕೇಂದ್ರಗಳು ಗೋಡೆಯಿಲ್ಲದೆ ತೇಲುತ್ತಿರುತ್ತವೆ. ಕೇಂದ್ರ ಒಡೆಯುತ್ತಾ ಹೋಗಿದೆ, ಕೋಶ ಮಾತ್ರ ಒಡೆದಿಲ್ಲ. ಕಾಯಿ ಬಲಿಯುತ್ತಿದ್ದಂತೆ ಚಿಪ್ಪಿನ ಕಡೆಯಿಂದ ಗೋಡೆಗಳು ಏಳುತ್ತವೆ. ಎಳನೀರಿನ ಗಂಜಿ, ಮುಂದೆ ನಾವು ತುರಿಯುವ ಬಿಳಿ ತಿರುಳು, ಹೀಗೆ ಆದದ್ದು.