ಬೆಕ್ಕಿಗೆ ಚೆಲ್ಲಾಟ: ಎಂಬತ್ತರ ದಶಕದ ಹೈಸ್ಕೂಲ್ ಕಾಮಿಡಿಗಳನ್ನು ಈಗ ನೋಡುವುದು ಹೇಗೆ

ಹಳೆಯ ಕಾಮಿಡಿ ಚಿತ್ರ ಈಗಲೂ ನಡೆಯುತ್ತಾ ಅಂತ ಕೇಳಿದರೆ ಸಾಮಾನ್ಯವಾಗಿ ಎರಡು ಉತ್ತರ ಬರುತ್ತವೆ. ‘ಆ ಕಾಲ ಹಾಗಿತ್ತು, ಬಿಡಿ’ ಅನ್ನುವುದು ಒಂದು. ‘ಛೆ, ಈಗ ನೋಡೋಕಾಗಲ್ಲ’ ಅನ್ನುವುದು ಇನ್ನೊಂದು. ದಯವಿಟ್ಟು ನಮ್ಮ ಸಿನಿಮಾ ಕ್ಲಾಸಿನ ಪರೀಕ್ಷೆಯಲ್ಲಿ ಇವೆರಡನ್ನೂ ಬರೆಯಬೇಡಿ. ಹಾಗೆ ಬರೆಯಲು ಸಿನಿಮಾ ನೋಡಬೇಕಾಗಿಯೇ ಇಲ್ಲ, ಪೋಸ್ಟರ್ ಸಾಕು.

ನಾನು ಬಳಸುವ ದಾರಿ ನಮ್ಮದೇ ಗಾದೆಯಿಂದ ಬಂದದ್ದು: ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಅಮೆರಿಕದ ಹೈಸ್ಕೂಲ್ ಕಾಮಿಡಿಗಳಲ್ಲಿ ಹೆಚ್ಚಿನ ನಗು ಹುಟ್ಟುವುದೇ ಯಾರೋ ಒಬ್ಬರ ಅವಮಾನದಿಂದ. ಅದರಲ್ಲಿ ತಪ್ಪೇನಿಲ್ಲ, ಆ ವಯಸ್ಸಿನ ತುಂಬ ಅವಮಾನಗಳೇ ಇರುತ್ತವೆ. ನಾವು ನೋಡಬೇಕಾದ್ದು ಆ ಹೊತ್ತಿನಲ್ಲಿ ಕ್ಯಾಮೆರಾ ಎಲ್ಲಿದೆ ಅನ್ನುವುದನ್ನು. ಬೆಕ್ಕಿನ ಪಕ್ಕ ನಿಂತಿದೆಯೋ, ಇಲಿಯ ಪಕ್ಕವೋ? ಈ ಪ್ರಶ್ನೆಯನ್ನು ಇಡೀ ಚಿತ್ರಕ್ಕೆ ಕೇಳಬೇಡಿ. ಒಂದೊಂದು ದೃಶ್ಯಕ್ಕೂ ಬೇರೆಬೇರೆಯಾಗಿ ಕೇಳಿ. ಉತ್ತರ ಬದಲಾಗುತ್ತಾ ಹೋಗುತ್ತದೆ.

ಸ್ವಲ್ಪ ಹಿನ್ನೆಲೆ

ಈ ಬಗೆಯ ಚಿತ್ರ ಅಂದರೆ ಮೊದಲು ಬರುವ ಹೆಸರು ಜಾನ್ ಹ್ಯೂಸ್ (1950–2009). ಷಿಕಾಗೋದಲ್ಲಿ ಜಾಹೀರಾತು ಬರೆಯುತ್ತಿದ್ದವರು, ಆಮೇಲೆ ‘ನ್ಯಾಷನಲ್ ಲ್ಯಾಂಪೂನ್’ ಅನ್ನುವ ಹಾಸ್ಯ ಪತ್ರಿಕೆಗೆ ಬರೆದರು. 1984ರಿಂದ 1987ರೊಳಗೆ ಹದಿಹರೆಯದವರ ಬಗ್ಗೆ ಆರು ಚಿತ್ರಗಳ ಚಿತ್ರಕಥೆ ಬರೆದರು. ಅದರಲ್ಲಿ ನಾಲ್ಕನ್ನು ತಾವೇ ನಿರ್ದೇಶಿಸಿದರು, ಎರಡನ್ನು ಹೊವಾರ್ಡ್ ಡ್ಯೂಚ್ ನಿರ್ದೇಶಿಸಿದರು. ಅವರಿಗೆ ಸ್ವಲ್ಪ ಮುಂಚೆ ಗಲ್ಲಾಪೆಟ್ಟಿಗೆ ತುಂಬಿಸಿದ್ದು ‘ಪೋರ್ಕೀಸ್’ ತರಹದ ಚಿತ್ರಗಳು. ಹುಡುಗಿಯರ ಸ್ನಾನದ ಕೋಣೆಗೆ ಹುಡುಗರು ಗೋಡೆಯ ತೂತಿನಿಂದ ಇಣುಕುವುದೇ ಅಲ್ಲಿ ದೊಡ್ಡ ತಮಾಷೆ. ಅದರ ಪಕ್ಕ ಇಟ್ಟು ನೋಡಿದರೆ ಹ್ಯೂಸ್ ಮಾಡಿದ್ದು ಎಷ್ಟು ಬೇರೆ ಅಂತ ಗೊತ್ತಾಗುತ್ತದೆ. ಅವರ ಮಕ್ಕಳು ಕೂತು ಮಾತಾಡುತ್ತಾರೆ, ಚಿತ್ರ ಕಿವಿಗೊಟ್ಟು ಕೇಳುತ್ತದೆ. ಆದರೆ ಗೋಡೆಯ ತೂತು ಪೂರ್ತಿ ಮುಚ್ಚಿಹೋಗಲಿಲ್ಲ. ನಮ್ಮ ತಕರಾರು ಅಲ್ಲಿಂದಲೇ ಶುರು.

‘ಸಿಕ್ಸ್‌ಟೀನ್ ಕ್ಯಾಂಡಲ್ಸ್’ (1984)

ಸಮಂತಾಳಿಗೆ ಇವತ್ತು ಹದಿನಾರು ತುಂಬಿದೆ. ನಾಳೆ ಅಕ್ಕನ ಮದುವೆ. ಆ ಗಡಿಬಿಡಿಯಲ್ಲಿ ಮನೆಯವರೆಲ್ಲ ಅವಳ ಹುಟ್ಟುಹಬ್ಬ ಮರೆತಿದ್ದಾರೆ. ಮದುವೆ ಮನೆ ಕಂಡ ನಮಗೆ ಇದನ್ನು ವಿವರಿಸಬೇಕಾಗಿಲ್ಲ, ಅಲ್ವಾ? ಒಬ್ಬೊಬ್ಬರೇ ಮರೆತಾಗ ಕ್ಯಾಮೆರಾ ಸಮಂತಾಳ ಮುಖಕ್ಕೆ ಬರುತ್ತದೆ. ಮಾಲಿ ರಿಂಗ್‌ವಾಲ್ಡ್ ಆ ಮುಖದಲ್ಲಿ ಅಳುವನ್ನೂ ಸಿಟ್ಟನ್ನೂ ಒಟ್ಟಿಗೆ ಹಿಡಿದಿಡುತ್ತಾರೆ. ನಾವು ನಗುತ್ತೇವೆ, ಆದರೆ ಅವಳ ಪಕ್ಕ ಕೂತು ನಗುತ್ತೇವೆ. ರಾತ್ರಿ ಅಪ್ಪ ಬಂದು, ಮರೆತೆ ಮಗಳೇ ಅಂತ ಕ್ಷಮೆ ಕೇಳುವ ದೃಶ್ಯವಿದೆ. ಅದಕ್ಕೆ ಇನ್ನೂ ವಯಸ್ಸೇ ಆಗಿಲ್ಲ.

ಈಗ ಅದೇ ಚಿತ್ರದ ಕ್ಯಾರೊಲಿನ್ ಕಡೆ ಬನ್ನಿ. ಸಮಂತಾ ಮನಸ್ಸಿಟ್ಟಿರುವ ಹುಡುಗ ಜೇಕ್. ಕ್ಯಾರೊಲಿನ್ ಅವನ ಗೆಳತಿ. ಪಾರ್ಟಿಯಲ್ಲಿ ಕುಡಿದು ಅವಳಿಗೆ ಮೈಮೇಲೆ ಎಚ್ಚರವಿಲ್ಲ. ಜೇಕ್ ಅವಳನ್ನು ತನ್ನ ಅಪ್ಪನ ರೋಲ್ಸ್ ರಾಯ್ಸ್ ಕಾರಿನಲ್ಲಿ ಕೂರಿಸಿ, ಅವಳಿಗೆ ಪರಿಚಯವೇ ಇಲ್ಲದ ಚಿಕ್ಕ ಹುಡುಗನೊಬ್ಬನ ಜೊತೆ ಕಳಿಸಿಬಿಡುತ್ತಾನೆ. ಆ ಹುಡುಗ ಗೆಳೆಯರ ಹತ್ತಿರ ಅವಳ ಜೊತೆ ಫೋಟೋ ತೆಗೆಸಿಕೊಳ್ಳುತ್ತಾನೆ. ಬೆಳಿಗ್ಗೆ ಇಬ್ಬರಿಗೂ ರಾತ್ರಿ ಏನಾಯಿತೆಂದು ಸರಿಯಾಗಿ ನೆನಪಿಲ್ಲ. ಅವಳು ಪರವಾಗಿಲ್ಲ ಅನ್ನುವಂತೆ ಮಾತಾಡುತ್ತಾಳೆ, ಚಿತ್ರ ಅಷ್ಟಕ್ಕೆ ಕೈತೊಳೆದುಕೊಳ್ಳುತ್ತದೆ. ಒಪ್ಪಿಗೆ ಹೇಳುವ ಸ್ಥಿತಿಯಲ್ಲೇ ಇಲ್ಲದ ಹುಡುಗಿಯನ್ನು ಹೀಗೆ ಕೈಯಿಂದ ಕೈಗೆ ದಾಟಿಸಲಾಗಿದೆ. ಆದರೂ ಒಂದು ಶಾಟ್ ಕೂಡ ಅವಳ ಕಡೆಯಿಂದ ಇಲ್ಲ. ಇಷ್ಟಾದ ಮೇಲೂ ಕಥೆಗೆ ಜೇಕ್ ಒಳ್ಳೆಯ ಹುಡುಗನೇ. ನನಗೆ ಜಾಸ್ತಿ ಕಸಿವಿಸಿ ಮಾಡುವುದು ಈ ಕೊನೆಯ ಸಂಗತಿ.

ಈ ಎರಡೂ ಗುಣ ಒಂದೇ ಕಡೆ ಸಿಗುವ ದೃಶ್ಯವೂ ಇದೆ. ಶಾಲೆಯ ವರ್ಕ್‌ಶಾಪಿನಲ್ಲಿ ಒಂದು ಅರೆಬರೆ ಕಾರು ನಿಂತಿದೆ. ಅದರೊಳಗೆ ಸಮಂತಾ ಮತ್ತು ಅದೇ ಚಿಕ್ಕ ಹುಡುಗ ಕೂತು ಮಾತಾಡುತ್ತಾರೆ. ಅವಳು ಹುಟ್ಟುಹಬ್ಬದ ದುಃಖ ಹೇಳಿಕೊಳ್ಳುತ್ತಾಳೆ. ಅವನು ತನ್ನ ಜಂಬವೆಲ್ಲ ಸುಳ್ಳು ಅಂತ ಒಪ್ಪಿಕೊಳ್ಳುತ್ತಾನೆ. ಇಡೀ ಚಿತ್ರದಲ್ಲಿ ಇಷ್ಟು ಪ್ರಾಮಾಣಿಕ ಮಾತುಕತೆ ಇನ್ನೊಂದಿಲ್ಲ. ಕೊನೆಗೆ ಅವನು ಅವಳ ಒಳ ಉಡುಪನ್ನು ಕಡ ಕೇಳುತ್ತಾನೆ. ಗೆದ್ದೆ ಅಂತ ಗೆಳೆಯರಿಗೆ ತೋರಿಸಬೇಕಂತೆ. ಮುಂದೆ ಅದನ್ನು ನೋಡಲು ಹುಡುಗರು ತಲೆಗೆ ಒಂದು ಡಾಲರ್ ಕೊಡುತ್ತಾರೆ. ಈ ದೃಶ್ಯವನ್ನು ಎರಡು ಸಲ ನೋಡಿ. ಇಲಿಯ ಪಕ್ಕ ಕೂತಿದ್ದ ಕ್ಯಾಮೆರಾ ಬೆಕ್ಕಿನ ಕಡೆ ಎದ್ದು ಹೋಗುವ ಕ್ಷಣ ಯಾವುದು ಅಂತ ಗುರುತು ಹಾಕಿಕೊಳ್ಳಿ.

ಇನ್ನೊಂದು ವಿಷಯ. ಈ ಚಿತ್ರಕ್ಕೆ ಸಿಕ್ಕಿದ್ದು ‘ಪಿಜಿ’ ಪ್ರಮಾಣಪತ್ರ, ಅಂದರೆ ಮಕ್ಕಳೂ ನೋಡಬಹುದಾದದ್ದು. ‘ಪಿಜಿ-13’ ಅನ್ನುವ ದರ್ಜೆ ಬಂದದ್ದೇ 1984ರ ಜುಲೈನಲ್ಲಿ. ಅಷ್ಟರಲ್ಲಿ ಈ ಚಿತ್ರ ಬಿಡುಗಡೆಯಾಗಿ ಸುಮಾರು ಎರಡು ತಿಂಗಳಾಗಿತ್ತು.

ಹಾಗಾದರೆ ಆ ಕಾಲವೇ ಹಾಗಿತ್ತಾ?

ಇಲ್ಲ. ಇದಕ್ಕೆ ನನ್ನ ಹತ್ತಿರ ಒಂದೇ ಸಾಕ್ಷಿ ಇದೆ, ಅದು ಸಾಕು. ‘ಫಾಸ್ಟ್ ಟೈಮ್ಸ್ ಅಟ್ ರಿಡ್ಜ್‌ಮಾಂಟ್ ಹೈ’ ಬಂದದ್ದು 1982ರಲ್ಲಿ, ಹ್ಯೂಸ್ ಚಿತ್ರಗಳಿಗಿಂತ ಮೊದಲು. ನಿರ್ದೇಶಕಿ ಏಮಿ ಹೆಕರ್ಲಿಂಗ್. ಬರೆದವರು ಕ್ಯಾಮೆರಾನ್ ಕ್ರೋ. ಅವರು ವಿದ್ಯಾರ್ಥಿಯ ವೇಷದಲ್ಲಿ ಒಂದು ಹೈಸ್ಕೂಲಿಗೆ ಹೋಗಿ ಕೂತು ಬರೆದ ಪುಸ್ತಕವೇ ಇದಕ್ಕೆ ಆಧಾರ.

ಇದರಲ್ಲಿ ಸ್ಟೇಸಿ ಅನ್ನುವ ಹದಿನೈದರ ಹುಡುಗಿ ಇದ್ದಾಳೆ. ತನಗಿಂತ ತುಂಬ ದೊಡ್ಡವನೊಬ್ಬನನ್ನು ನಂಬಿ ಹೋಗುತ್ತಾಳೆ. ಬೇರೆ ಯಾರಾದರೂ ಆಗಿದ್ದರೆ ಕ್ಯಾಮೆರಾವನ್ನು ಅವಳ ಮೇಲೆ ಇಡುತ್ತಿದ್ದರು. ಹೆಕರ್ಲಿಂಗ್ ಅವಳ ಕಣ್ಣು ಎಲ್ಲಿದೆಯೋ ಅಲ್ಲಿಗೆ ಕ್ಯಾಮೆರಾ ತಿರುಗಿಸುತ್ತಾರೆ. ಮೇಲೆ ಚಾವಣಿಯಲ್ಲಿ ಗೀಚಿದ ಬರಹಗಳು ಕಾಣುತ್ತವೆ. ಅವಳಿಗೆ ಏನು ಅನಿಸುತ್ತಿದೆ ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಮುಂದೆ ಇನ್ನೊಬ್ಬ ಹುಡುಗನಿಂದ ಗರ್ಭಿಣಿಯಾಗುತ್ತಾಳೆ. ಆಸ್ಪತ್ರೆಯ ಖರ್ಚಿನಲ್ಲಿ ಅರ್ಧ ಕೊಡುತ್ತೇನೆ ಅಂದ ಆ ಹುಡುಗ ಬರುವುದೇ ಇಲ್ಲ. ಅವಳು ಸುಳ್ಳು ಹೇಳಿ ಅಣ್ಣನ ಕಾರು ಹತ್ತುತ್ತಾಳೆ. ಅಣ್ಣನಿಗೆ ಗೊತ್ತಾಗುತ್ತದೆ. ಹೊರಗೆ ಕಾಯುತ್ತಾನೆ. ಬೈಯುವುದಿಲ್ಲ, ಅಪ್ಪ ಅಮ್ಮನಿಗೆ ಹೇಳುವುದೂ ಇಲ್ಲ. ಚಿತ್ರವೂ ಅವಳಿಗೆ ಬುದ್ಧಿ ಹೇಳಲು ಹೋಗುವುದಿಲ್ಲ.

ಇದೇ ಚಿತ್ರದಲ್ಲಿ ಈಜುಕೊಳದ ಒಂದು ಪ್ರಸಿದ್ಧ ದೃಶ್ಯವೂ ಇದೆ, ಹುಡುಗನ ಹಗಲುಗನಸು. ಅದನ್ನು ಆಕ್ಷೇಪಿಸುವವರಿದ್ದಾರೆ, ಅದರಲ್ಲಿ ನ್ಯಾಯವೂ ಇದೆ. ಆದರೆ ಆ ದೃಶ್ಯ ಮುಗಿಯುವುದು ಅವನು ಸಿಕ್ಕಿಬಿದ್ದು ನಾಚಿಕೆಯಿಂದ ಕುಗ್ಗುವಲ್ಲಿ. ಕೊನೆಗೆ ನಾವು ನಗುವುದು ಕದ್ದು ನೋಡಿದವನನ್ನು ನೋಡಿ.

ಅಂದರೆ 1982ರಲ್ಲೂ ಬೇರೆ ಥರ ಚಿತ್ರ ತೆಗೆಯಲು ಸಾಧ್ಯವಿತ್ತು. ದೊಡ್ಡ ಸ್ಟುಡಿಯೋವೇ ಹಣ ಹಾಕಿತ್ತು, ಜನವೂ ನೋಡಿದರು. ಹಾಗಾಗಿ ‘ಆ ಕಾಲ’ ಅನ್ನುವುದನ್ನು ಕಾರಣ ಅಂತ ಬರೆಯುವಾಗ ಹುಷಾರು.

‘ದ ಬ್ರೇಕ್‌ಫಾಸ್ಟ್ ಕ್ಲಬ್’ (1985)

ತಪ್ಪು ಮಾಡಿದ ಐದು ಮಕ್ಕಳು ಶನಿವಾರ ಇಡೀ ದಿನ ಶಾಲೆಯ ಲೈಬ್ರರಿಯಲ್ಲಿ ಕೂತಿರಬೇಕು. ಡಿಟೆನ್ಷನ್ ಅಂದರೆ ಇದು. ಬೆಂಚಿನ ಮೇಲೆ ನಿಂತು ಬೆಳೆದ ನನಗೆ ಇದು ಶಿಕ್ಷೆಯೇ ಅಲ್ಲ ಅನಿಸಿತ್ತು, ಊಟದ ಡಬ್ಬಿ ಬೇರೆ ಇದೆ! ಚಿತ್ರೀಕರಣ ನಡೆದದ್ದು ಇಲಿನಾಯ್‌ನ ಡೆಸ್ ಪ್ಲೇನ್ಸ್‌ನಲ್ಲಿ, 1981ರಲ್ಲಿ ಮುಚ್ಚಿಹೋಗಿದ್ದ ಶಾಲೆಯೊಂದರಲ್ಲಿ. ಆ ಲೈಬ್ರರಿ ಅಲ್ಲಿನ ವ್ಯಾಯಾಮಶಾಲೆಯೊಳಗೆ ಹಾಕಿದ ಸೆಟ್.

ನೀವು ಒಂದೇ ದೃಶ್ಯದ ಬಗ್ಗೆ ಬರೆಯುವುದಾದರೆ, ಎಲ್ಲರೂ ನೆಲದ ಮೇಲೆ ಸುತ್ತ ಕೂತಿರುವ ದೃಶ್ಯ ಆರಿಸಿಕೊಳ್ಳಿ. ಕುಸ್ತಿಪಟು ಆಂಡ್ರೂ ತಾನು ಇಲ್ಲಿಗೆ ಬಂದ ಕಾರಣ ಹೇಳುತ್ತಾನೆ. ಬಟ್ಟೆ ಬದಲಿಸುವ ಕೋಣೆಯಲ್ಲಿ ಒಬ್ಬ ಬಡಪಾಯಿ ಹುಡುಗನನ್ನು ಹಿಡಿದು ಅವನ ಹಿಂಭಾಗಕ್ಕೆ ಟೇಪ್ ಅಂಟಿಸಿದ್ದ. ಗೆಳೆಯರೆಲ್ಲ ಬಿದ್ದುಬಿದ್ದು ನಕ್ಕಿದ್ದರು. ಬೇರೆ ಕಾಮಿಡಿಯಲ್ಲಿ ಇದು ಎರಡು ನಿಮಿಷದ ತಮಾಷೆ ದೃಶ್ಯವಾಗುತ್ತಿತ್ತು. ಹ್ಯೂಸ್ ಇದನ್ನು ತೋರಿಸುವುದೇ ಇಲ್ಲ, ಹೇಳಿಸುತ್ತಾರೆ. ಹೇಳುತ್ತಾ ಹೇಳುತ್ತಾ ಆಂಡ್ರೂ ಒಡೆದುಹೋಗುತ್ತಾನೆ. ಆ ಹುಡುಗ ಮನೆಗೆ ಹೋಗಿ ಅಪ್ಪನ ಎದುರು ಏನಂತ ಹೇಳಿರಬೇಕು ಅನ್ನುವುದು ಅವನಿಗೆ ಈಗ ಹೊಳೆಯುತ್ತಿದೆ. ಬೆಕ್ಕೇ ಬಾಯಿಬಿಟ್ಟು ಇಲಿಯ ಸಂಕಟ ಹೇಳುತ್ತಿದೆ. ಈ ಚಿತ್ರವನ್ನು ಜನ ಯಾಕೆ ಬಿಡುವುದಿಲ್ಲ ಅಂತ ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ.

ವಿಚಿತ್ರ ನೋಡಿ, ಇದೇ ಚಿತ್ರದಲ್ಲಿ ಐವರಲ್ಲಿ ಪುಂಡನಾದ ಬೆಂಡರ್ ಮೇಜಿನ ಕೆಳಗೆ ಅಡಗಿ, ಸಿರಿವಂತ ಮನೆಯ ಹುಡುಗಿ ಕ್ಲೇರ್ ಕಡೆ ಇಣುಕುತ್ತಾನೆ. ಕ್ಯಾಮೆರಾವೂ ಅವನ ಜೊತೆ ಕೆಳಗಿಳಿಯುತ್ತದೆ. ದಿನವಿಡೀ ಅವಳನ್ನು ಕೆಣಕಿ, ಹೀಯಾಳಿಸಿ, ಅಳಿಸಿ, ಸಂಜೆ ಅವಳ ವಜ್ರದ ಓಲೆಯನ್ನೂ ಮುತ್ತನ್ನೂ ಗಳಿಸಿ ಹೋಗುತ್ತಾನೆ. ಆಂಡ್ರೂ ತನ್ನ ತಮಾಷೆಗೆ ಅತ್ತು ಲೆಕ್ಕ ಕೊಟ್ಟ. ಬೆಂಡರ್ ಹತ್ತಿರ ಯಾರೂ ಲೆಕ್ಕ ಕೇಳಲಿಲ್ಲ. (ಎಲ್ಲರ ಪರವಾಗಿ ಪ್ರಬಂಧ ಬರೆದ ಬ್ರಯಾನ್‌ಗೆ ಮಾತ್ರ ಜೋಡಿ ಇಲ್ಲ. ಗ್ರೂಪ್ ಪ್ರಾಜೆಕ್ಟ್ ಮಾಡಿದವರಿಗೆ ಅವನು ಯಾರು ಅಂತ ಗೊತ್ತು.)

ಇದನ್ನು ಗಟ್ಟಿಯಾಗಿ ಹೇಳಿದವರಲ್ಲಿ ಕ್ಲೇರ್ ಪಾತ್ರ ಮಾಡಿದ ಮಾಲಿ ರಿಂಗ್‌ವಾಲ್ಡ್ ಕೂಡ ಒಬ್ಬರು. 2018ರ ಏಪ್ರಿಲ್‌ನಲ್ಲಿ ‘ದ ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಬರೆದರು. ಹತ್ತು ವರ್ಷದ ಮಗಳ ಜೊತೆ ಕೂತು ಈ ಚಿತ್ರ ನೋಡಿದ್ದೇ ಅವರನ್ನು ಯೋಚನೆಗೆ ಹಚ್ಚಿತ್ತು. ಆ ಇಣುಕು ಶಾಟ್‌ಗೆ ಬೇರೆ ವಯಸ್ಕ ಮಹಿಳೆಯನ್ನು ಬಳಸಿದ್ದರು, ಆದರೂ ತಮ್ಮ ಅಮ್ಮ ವಿರೋಧಿಸಿದ್ದರು ಅಂತ ಅದರಲ್ಲಿ ಹೇಳಿದ್ದಾರೆ. ಚಿತ್ರವನ್ನು ಅವರು ಕಸಕ್ಕೆ ಹಾಕಿಲ್ಲ. ಈ ಚಿತ್ರದಿಂದ ತನ್ನ ಜೀವ ಉಳಿಯಿತು ಅಂದ ಸಲಿಂಗಿ ಪರಿಚಿತನೊಬ್ಬನ ಮಾತನ್ನೂ ಅದೇ ಬರಹದಲ್ಲಿ ಇಟ್ಟಿದ್ದಾರೆ. ಅವರು ಎರಡನ್ನೂ ಪಕ್ಕಪಕ್ಕ ಇಟ್ಟು ಹೊರಟ ರೀತಿಯನ್ನು ಗಮನಿಸಿ. ನಮ್ಮ ಉತ್ತರಪತ್ರಿಕೆಗಳಲ್ಲಿ ಅದು ಕಾಣುವುದು ಕಡಿಮೆ.

ಉಳಿದವು, ಬೇಗಬೇಗ

‘ಪ್ರೆಟಿ ಇನ್ ಪಿಂಕ್’ (1986) ಬಡ ಹುಡುಗಿ ಆಂಡಿ ಮತ್ತು ಸಿರಿವಂತ ಹುಡುಗನೊಬ್ಬನ ಕಥೆ. ಎಲ್ಲಿ ವಾಸ ಅಂತ ತೋರಿಸಲು ನಾಚಿ, ಮನೆಯವರೆಗೆ ಬಿಡುವುದು ಬೇಡ ಅಂತ ಆಂಡಿ ಹಟ ಹಿಡಿಯುವ ದೃಶ್ಯ ಇವತ್ತಿಗೂ ಚುಚ್ಚುತ್ತದೆ. ದುಡ್ಡಿನ ಅವಮಾನದ ವಿಷಯದಲ್ಲಿ ಹ್ಯೂಸ್ ಎಡವಿದ್ದು ಕಡಿಮೆ. ಕೊನೆ ಮಾತ್ರ ಬದಲಾಯಿತು. ಮೊದಲು ಅವಳು ಗೆಳೆಯ ಡಕಿಯ ಜೊತೆ ಉಳಿಯುವಂತೆ ಚಿತ್ರೀಕರಿಸಿದ್ದರು. ಪರೀಕ್ಷಾ ಪ್ರದರ್ಶನದಲ್ಲಿ ಜನ ಒಪ್ಪಲಿಲ್ಲ. ಮತ್ತೆ ಶೂಟ್ ಮಾಡುವಾಗ ಸಿರಿವಂತ ಹುಡುಗನ ಪಾತ್ರದ ಆಂಡ್ರೂ ಮೆಕಾರ್ಥಿ ನಾಟಕಕ್ಕಾಗಿ ತಲೆ ಬೋಳಿಸಿದ್ದರು, ಆ ದೃಶ್ಯದಲ್ಲಿ ಇರುವುದು ವಿಗ್. ಈಗ ನೋಡಿ, ಮರೆಯಲು ಆಗುವುದಿಲ್ಲ.

‘ಫೆರಿಸ್ ಬ್ಯೂಲರ್ಸ್ ಡೇ ಆಫ್’ (1986) ಸುಮ್ನೆ ನೋಡಿ ಖುಷಿಪಡಿ.

ಕೊನೆಗೆ ಒಂದು ಅಭ್ಯಾಸ

ಮತ್ತೆ ‘ಸಿಕ್ಸ್‌ಟೀನ್ ಕ್ಯಾಂಡಲ್ಸ್’ಗೆ ಬರೋಣ. ಸಮಂತಾಳ ಮನೆಗೆ ಏಷ್ಯಾದಿಂದ ಬಂದ ಲಾಂಗ್ ಡಕ್ ಡಾಂಗ್ ಅನ್ನುವ ವಿದ್ಯಾರ್ಥಿ ಇದ್ದಾನೆ. ಪಾತ್ರ ಮಾಡಿದ ಗೆಡ್ಡಿ ವಟನಬೆ ಅಮೆರಿಕದ ಯೂಟಾದಲ್ಲೇ ಹುಟ್ಟಿದವರು, ತೊದಲು ಇಂಗ್ಲಿಷು ನಟನೆ ಮಾತ್ರ. ಅವನ ಹೆಸರೇ ಒಂದು ಪೋಲಿ ಜೋಕು. ಅವನು ಬಂದಾಗ, ಅವನ ಹೆಸರು ಬಂದಾಗ ಹಿಂದೆ ಜಾಗಟೆ ಬಾರಿಸುತ್ತದೆ. ಚಿತ್ರ ಬಂದ ಮೇಲೆ ಅಮೆರಿಕದ ಶಾಲೆಗಳಲ್ಲಿ ಏಷ್ಯಾ ಮೂಲದ ಎಷ್ಟೋ ಹುಡುಗರಿಗೆ ಇದೇ ಹೆಸರು ಅಂಟಿತು. ನಮ್ಮ ದೊಡ್ಡಮ್ಮನ ಮಗ ಆಗ ಅಲ್ಲಿ ಶಾಲೆಗೆ ಹೋಗುತ್ತಿದ್ದ. ಈ ಚಿತ್ರದ ಮಾತೆತ್ತಿದರೆ ‘ಆ ಜಾಗಟೆ ನೆನಪಿದೆ’ ಅನ್ನುತ್ತಾನೆ, ಅಷ್ಟೇ.

ಡಾಂಗ್ ಬರುವ ದೃಶ್ಯಗಳನ್ನು ಒಮ್ಮೆ ಸೌಂಡ್ ಪೂರ್ತಿ ಆಫ್ ಮಾಡಿ ನೋಡಿ. ಹೊಸ ದೇಶಕ್ಕೆ ಬಂದ ಹುಡುಗನೊಬ್ಬ ಕಾಣುತ್ತಾನೆ. ಪಾರ್ಟಿಗೆ ಹೋಗುತ್ತಾನೆ, ತನಗಿಂತ ಎತ್ತರದ, ಗಟ್ಟಿಮುಟ್ಟಾದ ಹುಡುಗಿಯ ಜೊತೆ ಕುಣಿಯುತ್ತಾನೆ. ಅವಳಿಗೂ ಅವನು ಇಷ್ಟ. ಇಡೀ ಊರಿನಲ್ಲಿ ಆ ರಾತ್ರಿ ನಿಜಕ್ಕೂ ಸಂತೋಷವಾಗಿ ಇರುವವನು ಅವನೊಬ್ಬನೇ. ಈಗ ಸೌಂಡ್ ಆನ್ ಮಾಡಿ, ಜಾಗಟೆ ಯಾವ ಯಾವ ಕ್ಷಣದಲ್ಲಿ ಬೀಳುತ್ತದೆ ಅಂತ ಪಟ್ಟಿ ಮಾಡಿಕೊಂಡು ಕ್ಲಾಸಿಗೆ ತನ್ನಿ.