ಸಾನ್ ಜಿಮಿನ್ಯಾನೊ: ಹೆದ್ದಾರಿ ಬೆಳೆಸಿದ ಊರು, ಬಡತನ ಉಳಿಸಿದ ಗೋಪುರಗಳು

ಇಟಲಿಯ ಟಸ್ಕನಿ ಪ್ರಾಂತ್ಯದಲ್ಲಿ ಗುಡ್ಡದ ನೆತ್ತಿಯ ಮೇಲೆ ಕೋಟೆಗೋಡೆ ಕಟ್ಟಿಕೊಂಡು ಕುಳಿತ ಮಧ್ಯಯುಗದ ಊರುಗಳು ಹತ್ತಾರು ಇವೆ. ಅವುಗಳಲ್ಲಿ ಸಾನ್ ಜಿಮಿನ್ಯಾನೊವನ್ನು ಅಧ್ಯಯನಕ್ಕೆ ಆರಿಸಿಕೊಳ್ಳಲು ಮುಖ್ಯ ಕಾರಣ, ಒಂದು ಊರು ಏಕೆ ಬೆಳೆಯಿತು, ಏಕೆ ನಿಂತುಹೋಯಿತು ಎಂಬ ಎರಡೂ ಪ್ರಶ್ನೆಗಳಿಗೆ ಅಲ್ಲಿನ ಕಲ್ಲುಗಳಲ್ಲಿಯೇ ಉತ್ತರ ಸಿಗುತ್ತದೆ ಎಂಬುದು. ಸಿಯೆನಾ ಜಿಲ್ಲೆಯ ಎಲ್ಸಾ ನದಿ ಕಣಿವೆಯ ಮೇಲೆ, ಸಮುದ್ರ ಮಟ್ಟದಿಂದ ಸುಮಾರು 324 ಮೀಟರ್ ಎತ್ತರದಲ್ಲಿರುವ ಈ ಪುಟ್ಟ ಊರು ಫ್ಲಾರೆನ್ಸ್‌ಗೂ ಸಿಯೆನಾಕ್ಕೂ ನಡುವಿನ ಸೀಮೆಯಲ್ಲಿದೆ. ಪ್ರವಾಸಿ ಕೈಪಿಡಿಗಳು ಇದನ್ನು ಗೋಪುರಗಳ ಊರೆಂದು ಕರೆದು ಮುಂದೆ ಸಾಗುತ್ತವೆ. ಕಲಿಯುವವರು ಅಷ್ಟಕ್ಕೇ ತೃಪ್ತರಾಗಬಾರದು, ಏಕೆಂದರೆ ಆ ಗೋಪುರಗಳು ಊರಿನ ಕಥೆಯ ಮಧ್ಯಭಾಗ ಮಾತ್ರ. ಕಥೆ ಆರಂಭವಾಗುವುದು ಒಂದು ದಾರಿಯಿಂದ.

ದಾರಿ

ಈ ಗುಡ್ಡದ ಮೇಲೆ ಕ್ರಿಸ್ತಪೂರ್ವ 3ನೇ ಶತಮಾನದ ಹೊತ್ತಿಗೆ ಎಟ್ರಸ್ಕನ್ನರ ಸಣ್ಣ ನೆಲೆಯೊಂದಿತ್ತು. ಊರಿಗೆ ಹೆಸರು ಬಂದದ್ದು ಮೊದೆನಾ ನಗರದ ಬಿಷಪ್ ಆಗಿದ್ದ ಸಂತ ಜಿಮಿನ್ಯಾನೊನಿಂದ. ಹೂಣರ ದಾಳಿಯಿಂದ ಈ ಸ್ಥಳವನ್ನು ಅವನೇ ಕಾಪಾಡಿದನೆಂಬ ಐತಿಹ್ಯವಿದೆ. ಐತಿಹ್ಯವನ್ನು ಬದಿಗಿಟ್ಟು ಬರಹದ ದಾಖಲೆಗಳಿಗೆ ಬಂದರೆ, 929ರ ಒಂದು ದಾನಪತ್ರದಲ್ಲಿ ಊರಿನ ಹೆಸರು ಕಾಣಿಸಿಕೊಳ್ಳುತ್ತದೆ. ಆ ಕಾಲದಲ್ಲಿ ಇಲ್ಲಿ ಒಡೆತನ ನಡೆಸುತ್ತಿದ್ದವರು ಸಮೀಪದ ವೊಲ್ತೆರ್ರಾದ ಬಿಷಪ್‌ಗಳು.

ಆದರೆ ಊರಿನ ಅದೃಷ್ಟವನ್ನು ಬದಲಿಸಿದ್ದು ಬಿಷಪ್ಪರಲ್ಲ, ವಿಯಾ ಫ್ರಾಂಚಿಜೆನಾ ಎಂಬ ಯಾತ್ರಾಮಾರ್ಗ. ಆಲ್ಪ್ಸ್ ಪರ್ವತಗಳ ಉತ್ತರದಿಂದ ರೋಮಿಗೆ ಹೋಗುವ ಯಾತ್ರಿಕರು, ವರ್ತಕರು, ಸೈನಿಕರು, ಪಾದ್ರಿಗಳು ಎಲ್ಲರೂ ನಡೆಯುತ್ತಿದ್ದ ದಾರಿ ಅದು. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಸಿಜೆರಿಕ್ 10ನೇ ಶತಮಾನದ ಕೊನೆಯಲ್ಲಿ ರೋಮಿನಿಂದ ಊರಿಗೆ ಮರಳುವಾಗ ತಾನು ತಂಗಿದ ಸ್ಥಳಗಳನ್ನೆಲ್ಲ ಪಟ್ಟಿ ಮಾಡಿಸಿದ. ಆ ಪಟ್ಟಿಯಲ್ಲಿ ಸಾನ್ ಜಿಮಿನ್ಯಾನೊ 19ನೆಯ ತಂಗುದಾಣ. ಆಗ ಕಣಿವೆಯ ತಗ್ಗು ನೆಲ ಜೌಗಾಗಿದ್ದರಿಂದ ದಾರಿಹೋಕರು ಗುಡ್ಡದ ಬೆನ್ನಿನ ಮೇಲೆಯೇ ನಡೆಯುವುದು ರೂಢಿಯಾಗಿತ್ತು ಎಂಬುದನ್ನು ನೆನಪಿನಲ್ಲಿಡಬೇಕು. ಮುಂದೆ ಊರು ಕುಸಿದದ್ದನ್ನು ಅರ್ಥಮಾಡಿಕೊಳ್ಳುವಾಗ ಈ ಸಂಗತಿ ಮತ್ತೆ ಬೇಕಾಗುತ್ತದೆ.

ಯಾತ್ರಿಕರು ಬಂದರೆ ಛತ್ರ, ಆಸ್ಪತ್ರೆ, ಲಾಯ, ಹಣ ಬದಲಾಯಿಸುವ ಕಟ್ಟೆ ಎಲ್ಲವೂ ಬರುತ್ತವೆ. ಊರು ಉದ್ದಕ್ಕೆ ಬೆಳೆದಿರುವುದೂ ಇದರಿಂದಲೇ. ದಕ್ಷಿಣದ ಸಾನ್ ಜೊವಾನ್ನಿ ಬಾಗಿಲಿನಿಂದ ಉತ್ತರದ ಸಾನ್ ಮತ್ತೆಯೊ ಬಾಗಿಲಿನವರೆಗೆ ಇಂದಿಗೂ ಹಾಯುವ ಮುಖ್ಯ ಬೀದಿಯೇ ಹಳೆಯ ಯಾತ್ರಾಮಾರ್ಗ. ಈಗ ಕಾಣುವ ಎರಡು ಕಿಲೋಮೀಟರಿಗೂ ಮಿಕ್ಕಿದ ಕೋಟೆಗೋಡೆ 13ನೇ ಶತಮಾನದ್ದು. ಊರಿನ ನಕ್ಷೆಯನ್ನು ಕೈಯಲ್ಲಿ ಹಿಡಿದು ನೋಡಿದರೆ ಗೋಡೆಯು ಬೀದಿಯನ್ನು ಅನುಸರಿಸಿದೆಯೇ ಹೊರತು ಬೀದಿಯು ಗೋಡೆಯನ್ನಲ್ಲ ಎಂಬುದು ಸ್ಪಷ್ಟವಾಗುತ್ತದೆ.

ದಾರಿಯ ಜೊತೆಗೆ ಬಂದ ಇನ್ನೊಂದು ಸಂಪತ್ತು ಕೇಸರಿ. ಒಂದು ಕಿಲೋ ಒಣ ಕೇಸರಿಗೆ ಸುಮಾರು ಒಂದೂವರೆ ಲಕ್ಷ ಹೂವುಗಳು ಬೇಕಾಗುವುದರಿಂದ ಅದು ತೂಕದಲ್ಲಿ ಹಗುರ, ಬೆಲೆಯಲ್ಲಿ ಭಾರಿ. ಗುಡ್ಡದ ಮೇಲಿಂದ ಹೇಸರಗತ್ತೆಯ ಬೆನ್ನಿನಲ್ಲಿ ಸಾಗಿಸಿ ದೂರದೇಶಕ್ಕೆ ಮಾರಲು ಇದಕ್ಕಿಂತ ಅನುಕೂಲದ ಸರಕು ಸಿಗದು. ಅಡುಗೆಗೆ, ಔಷಧಿಗೆ, ಬಟ್ಟೆಯ ಬಣ್ಣಕ್ಕೆ, ಚಿತ್ರಕಲೆಗೆ ಎಲ್ಲಕ್ಕೂ ಬೇಡಿಕೆ ಇತ್ತು. 1228ರಲ್ಲಿ ಊರಿನ ಆಡಳಿತವು ಯುದ್ಧಕ್ಕಾಗಿ ಮಾಡಿದ್ದ ಸಾಲದ ಒಂದು ಭಾಗವನ್ನು ಕೇಸರಿಯ ರೂಪದಲ್ಲಿಯೇ ತೀರಿಸಿತು. ಎಂದರೆ ಅಲ್ಲಿ ಕೇಸರಿಗೆ ನಾಣ್ಯದಷ್ಟೇ ಮಾನ್ಯತೆ ಇತ್ತು.

ಗೋಪುರಗಳು

ಹಣ ಬಂದ ಮೇಲೆ ಅಧಿಕಾರದ ಆಸೆಯೂ ಬಂದಿತು. 1199ರಲ್ಲಿ ಊರು ವೊಲ್ತೆರ್ರಾದ ಬಿಷಪ್ಪರ ಹಿಡಿತದಿಂದ ಬಿಡಿಸಿಕೊಂಡು ಸ್ವತಂತ್ರ ಕಮ್ಯೂನ್ ಆಯಿತು. ಕಮ್ಯೂನ್ ಎಂದರೆ ಊರಿನ ಗಣ್ಯರು ಸೇರಿ ತಾವೇ ನಡೆಸಿಕೊಳ್ಳುವ ಆಡಳಿತ. ಸ್ಥಳೀಯ ಜಗಳಗಳಿಗೆ ಸಿಕ್ಕಿಬೀಳದೆ ನ್ಯಾಯ ಕೊಡಲೆಂದು ಬೇರೆ ಊರಿನವನೊಬ್ಬನನ್ನು ಕರೆಸಿ, ನಿಗದಿತ ಅವಧಿಗೆ ಮುಖ್ಯ ಅಧಿಕಾರಿಯಾಗಿ ನೇಮಿಸುವ ಪದ್ಧತಿ ಇಟಲಿಯ ಕಮ್ಯೂನ್‌ಗಳಲ್ಲಿತ್ತು. ಅವನನ್ನು ಪೊದೆಸ್ತಾ ಎನ್ನುತ್ತಿದ್ದರು. ಇಷ್ಟು ಎಚ್ಚರಿಕೆ ವಹಿಸಿದರೂ ಜಗಳ ತಪ್ಪಲಿಲ್ಲ. ಪೋಪನ ಪಕ್ಷವಾದ ಗ್ವೆಲ್ಫರು ಮತ್ತು ಚಕ್ರವರ್ತಿಯ ಪಕ್ಷವಾದ ಗಿಬೆಲ್ಲೀನರು ಇಡೀ ಟಸ್ಕನಿಯನ್ನು ಹೋಳುಮಾಡಿದಂತೆ ಇಲ್ಲಿಯೂ ಗ್ವೆಲ್ಫ್ ಪಕ್ಷದ ಆರ್ದಿಂಗೆಲ್ಲಿ ಮನೆತನಕ್ಕೂ ಗಿಬೆಲ್ಲೀನ್ ಪಕ್ಷದ ಸಾಲ್ವುಚ್ಚಿ ಮನೆತನಕ್ಕೂ ತಲೆಮಾರುಗಳ ವೈರ ಬೆಳೆಯಿತು. ಪೋಪ್ ಮತ್ತು ಚಕ್ರವರ್ತಿಯ ಹೆಸರು ಹೇಳಿ ನಡೆದ ಈ ಜಗಳದಲ್ಲಿ ನಿಜವಾಗಿ ಪಣಕ್ಕಿದ್ದದ್ದು ಊರಿನ ವ್ಯಾಪಾರ ಮತ್ತು ಅಧಿಕಾರದ ಪಾಲು ಎಂದು ನನಗೆ ತೋರುತ್ತದೆ.

ಏಳಿಗೆಯ ಕಾಲದಲ್ಲಿ ಊರಿನಲ್ಲಿ 72 ಗೋಪುರಮನೆಗಳಿದ್ದವು, ಕೆಲವು 50 ಮೀಟರ್ ಎತ್ತರದವು ಎಂದು ಹೇಳಲಾಗುತ್ತದೆ. ಇಂದು ಉಳಿದಿರುವವು 14. ಇವುಗಳನ್ನು ಹೊರಗಿನ ಶತ್ರುವಿನ ವಿರುದ್ಧ ಕಟ್ಟಿದ ಕಾವಲು ಗೋಪುರಗಳೆಂದು ಭಾವಿಸುವುದು ಸಾಮಾನ್ಯ, ಆದರೆ ಊರಿನ ರಕ್ಷಣೆಗೆ ಕೋಟೆಗೋಡೆ ಬೇರೆಯೇ ಇತ್ತು. ಗೋಪುರಗಳು ಖಾಸಗಿ ಮನೆತನಗಳ ಆಸ್ತಿ. ಎದುರು ಬೀದಿಯ ವೈರಿಗೆ ತಮ್ಮ ಹಣವನ್ನೂ ಹಟವನ್ನೂ ತೋರಿಸುವ ಸಾಧನ, ಗಲಭೆಯಾದಾಗ ಒಳಗೆ ಸೇರಿ ಬಾಗಿಲು ಹಾಕಿಕೊಳ್ಳುವ ಆಶ್ರಯ. ಸಮತಟ್ಟಾದ ನೆಲ ಕಡಿಮೆಯಾಗಿ, ಗೋಡೆಯೊಳಗಿನ ನಿವೇಶನಗಳು ಕಿರಿದಾಗಿದ್ದುದರಿಂದ ಅಗಲಕ್ಕೆ ಬೆಳೆಯಲಾಗದ ಮನೆ ಎತ್ತರಕ್ಕೆ ಬೆಳೆಯಿತು ಎಂಬುದನ್ನೂ ಸೇರಿಸಿಕೊಳ್ಳಬೇಕು.

ಇವುಗಳ ರಚನೆ ಗಮನಿಸತಕ್ಕದ್ದು. ಗೋಡೆಗಳು ಬಹಳ ದಪ್ಪ, ಒಳಗಿನ ಜಾಗ ಬಹಳ ಇಕ್ಕಟ್ಟು, ಕಿಟಕಿಗಳು ಅತಿ ಕಡಿಮೆ. ಒಂದು ಅಂತಸ್ತಿನಿಂದ ಇನ್ನೊಂದಕ್ಕೆ ಹತ್ತಲು ಮರದ ಏಣಿಗಳಿದ್ದವು. ಹೊರಮೈಯಲ್ಲಿ ಸಾಲಾಗಿ ಕಾಣುವ ಚೌಕಾಕಾರದ ಕಿಂಡಿಗಳಲ್ಲಿ ಕೆಲವು ಕಟ್ಟುವಾಗ ಸಾರುವೆಯ ಮರಗಳನ್ನು ಸಿಕ್ಕಿಸಲು ಬಿಟ್ಟವು, ಕೆಲವು ಗೋಡೆಯಿಂದ ಹೊರಚಾಚಿದ ಮರದ ಮೊಗಸಾಲೆಗಳ ತೊಲೆಗಳಿಗಾಗಿ ಬಿಟ್ಟವು. ಆ ಮರದ ಭಾಗಗಳೆಲ್ಲ ನಾಶವಾಗಿರುವುದರಿಂದ ಇಂದಿನ ಬೋಳು ಕಲ್ಲಿನ ನೋಟ ಮಧ್ಯಯುಗದ ನಿಜವಾದ ನೋಟವಲ್ಲ. ಆಗ ಈ ಬೀದಿಗಳ ಮೇಲೆ ಮರದ ಚಾಚುಗಳು ಒತ್ತೊತ್ತಾಗಿದ್ದವು. ಕಾಂಪತೆಲ್ಲಿ ಗೋಪುರದ ಒಳಗೆ ಹೋಗಿ ತಲೆಯೆತ್ತಿ ನೋಡಿದವರಿಗೆ ಅಂತಸ್ತುಗಳಿಲ್ಲದ ಟೊಳ್ಳು ಕಲ್ಲಿನ ಕೊಳವೆ ಕಾಣಿಸುತ್ತದೆ. ಗೋಪುರ ಎಷ್ಟರ ಮಟ್ಟಿಗೆ ವಾಸಕ್ಕೆ, ಎಷ್ಟರ ಮಟ್ಟಿಗೆ ಪ್ರತಿಷ್ಠೆಗೆ ಎಂಬುದನ್ನು ಯಾವ ಪಠ್ಯಕ್ಕಿಂತಲೂ ಚೆನ್ನಾಗಿ ಆ ನೋಟ ತಿಳಿಸುತ್ತದೆ.

ಎತ್ತರದ ಪೈಪೋಟಿ ಮಿತಿಮೀರಿದಾಗ ಕಮ್ಯೂನ್ ಕಾನೂನು ಮಾಡಬೇಕಾಯಿತು. 1255ರ ಶಾಸನದ ಪ್ರಕಾರ ಯಾವ ಖಾಸಗಿ ಗೋಪುರವೂ ಪೊದೆಸ್ತಾನ ಹಳೆಯ ಅರಮನೆಯ ಮೇಲಿನ ತೊರ್ರೆ ರೊನ್ಯೋಸಾವನ್ನು ಮೀರುವಂತಿರಲಿಲ್ಲ. ಅದರ ಎತ್ತರ ಸುಮಾರು 51 ಮೀಟರ್. ಸಾಲ್ವುಚ್ಚಿಗಳು ಈ ಕಟ್ಟಳೆಯ ಒಳಗೇ ಇದ್ದುಕೊಂಡು ಅಕ್ಕಪಕ್ಕದಲ್ಲಿ ಜೋಡಿ ಗೋಪುರಗಳನ್ನು ಎಬ್ಬಿಸಿದರು. ಕಾನೂನನ್ನು ಪಾಲಿಸುತ್ತಲೇ ಅದನ್ನು ಅಣಕಿಸುವ ಕಲೆ ಬಹಳ ಹಳೆಯದು ಎಂದಾಯಿತು. ಕಮ್ಯೂನ್ ತಾನಾದರೂ ಸುಮ್ಮನಿರಲಿಲ್ಲ: ಹೊಸ ಅರಮನೆಯ ಪಕ್ಕದಲ್ಲಿ 54 ಮೀಟರಿನ ತೊರ್ರೆ ಗ್ರೊಸ್ಸಾವನ್ನು ಎತ್ತಿ 1311ರಲ್ಲಿ ಮುಗಿಸಿತು. ಹತ್ತಿ ನೋಡಲು ಸಾರ್ವಜನಿಕರಿಗೆ ತೆರೆದಿರುವ, ಊರಿನ ಅತಿ ಎತ್ತರದ ಗೋಪುರ ಇದೇ.

ಇದೇ ಅರಮನೆಯ ಸಭಾಂಗಣಕ್ಕೆ 1300ರ ಮೇ ತಿಂಗಳಲ್ಲಿ ಕವಿ ದಾಂತೆ ಫ್ಲಾರೆನ್ಸ್‌ನ ರಾಯಭಾರಿಯಾಗಿ ಬಂದು, ಟಸ್ಕನಿಯ ಗ್ವೆಲ್ಫ್ ಒಕ್ಕೂಟಕ್ಕೆ ಬೆಂಬಲ ಕೇಳಿ ಮಾತನಾಡಿದ. ಆ ಸಭಾಂಗಣಕ್ಕೆ ಇಂದು ಅವನದೇ ಹೆಸರು. ಆದರೆ ಅಲ್ಲಿನ ಗೋಡೆಯನ್ನು ತುಂಬಿರುವ, ಸಿಂಹಾಸನದ ಮೇಲೆ ಕುಳಿತ ಕನ್ಯೆ ಮೇರಿಯ ದೊಡ್ಡ ಭಿತ್ತಿಚಿತ್ರವನ್ನು ದಾಂತೆ ಕಂಡಿರಲಾರ; ಸಿಯೆನಾದ ಲಿಪ್ಪೊ ಮೆಮ್ಮಿ ಅದನ್ನು ಬರೆದದ್ದು 1317ರಲ್ಲಿ.

1348 ಮತ್ತು 1353

ಈ ಎರಡು ಇಸವಿಗಳನ್ನು ಬಾಯಿಪಾಠ ಮಾಡಿಕೊಳ್ಳಬೇಕು. 1348ರಲ್ಲಿ ಯುರೋಪನ್ನೆಲ್ಲ ನಡುಗಿಸಿದ ಮಹಾಪ್ಲೇಗು ಯಾತ್ರಾಮಾರ್ಗದ ಮೇಲಿದ್ದ ಈ ಊರನ್ನು ತೀವ್ರವಾಗಿ ಬಡಿದು ಅಲ್ಲಿನ ಜನಸಂಖ್ಯೆಯ ದೊಡ್ಡ ಪಾಲನ್ನು ಕೊಂದಿತು. ಐದು ವರ್ಷಗಳ ಬಳಿಕ, ಒಳಜಗಳದಿಂದಲೂ ಸಾಲದಿಂದಲೂ ಬಳಲಿದ ಊರು 1353ರಲ್ಲಿ ಫ್ಲಾರೆನ್ಸ್‌ಗೆ ಶರಣಾಗಿ ತನ್ನ ಸ್ವಾತಂತ್ರ್ಯವನ್ನು ಬಿಟ್ಟುಕೊಟ್ಟಿತು. ಫ್ಲಾರೆನ್ಸ್‌ನವರು ಕೂಡಲೇ ಊರಿನ ಎತ್ತರದ ಜಾಗದಲ್ಲಿ ರೊಕ್ಕಾ ಎಂಬ ಕೋಟೆಯನ್ನು ಕಟ್ಟಿಸಿದರು. ಎರಡು ಶತಮಾನಗಳ ನಂತರ ಮೆದಿಚಿ ದೊರೆ ಒಂದನೆಯ ಕೋಸಿಮೊ ಅದನ್ನು ಕೆಡವಿಸಿದ. ಉಳಿದ ಗೋಡೆಗಳ ನಡುವೆ ಈಗ ಉದ್ಯಾನವಿದೆ.

ಪ್ಲೇಗು ಮತ್ತು ಶರಣಾಗತಿ ಮಾತ್ರವೇ ಕಾರಣಗಳಾಗಿದ್ದರೆ ಊರು ಮತ್ತೆ ಚೇತರಿಸಿಕೊಳ್ಳಬಹುದಿತ್ತು. ಫ್ಲಾರೆನ್ಸ್ ಮತ್ತು ಸಿಯೆನಾಗಳೂ ಅದೇ ಪ್ಲೇಗನ್ನು ಅನುಭವಿಸಿ ಎದ್ದು ನಿಂತವು. ಇಲ್ಲಿ ಚೇತರಿಕೆಗೆ ಅಡ್ಡಿಯಾದದ್ದು ದಾರಿ ಬದಲಾದದ್ದು. ಕಣಿವೆಯ ಜೌಗು ನೆಲ ಕ್ರಮೇಣ ಒಣಗಿ ಸಂಚಾರಯೋಗ್ಯವಾದಂತೆ ಯಾತ್ರಿಕರೂ ಸರಕೂ ಪೊಜ್ಜಿಬೊನ್ಸಿಯ ಮೂಲಕ ಕೆಳಗಿನ ಸಲೀಸಾದ ಮಾರ್ಗವನ್ನು ಹಿಡಿದರು. ಗುಡ್ಡ ಹತ್ತಿ ಬರಬೇಕಾದ ಅಗತ್ಯ ಯಾರಿಗೂ ಉಳಿಯಲಿಲ್ಲ. ಇಂದಿಗೂ ಊರಿಗೆ ರೈಲಿಲ್ಲ. ಪೊಜ್ಜಿಬೊನ್ಸಿಯಲ್ಲಿ ಇಳಿದು ಬಸ್ಸು ಹಿಡಿಯಬೇಕು.

ಹಣವಿದ್ದ ಊರುಗಳು ಮುಂದಿನ ಶತಮಾನಗಳಲ್ಲಿ ಹಳೆಯ ಗೋಪುರಗಳನ್ನು ಕೆಡವಿ ನವೋದಯ ಶೈಲಿಯ ಅರಮನೆಗಳನ್ನೂ ಅಗಲವಾದ ಬೀದಿಗಳನ್ನೂ ಕಟ್ಟಿಕೊಂಡವು. ಫ್ಲಾರೆನ್ಸ್‌ನಲ್ಲಿಯೂ ಒಂದು ಕಾಲದಲ್ಲಿ ನೂರಕ್ಕೂ ಹೆಚ್ಚು ಗೋಪುರಗಳಿದ್ದವು. ಸಾನ್ ಜಿಮಿನ್ಯಾನೊದಲ್ಲಿ ಹೊಸದನ್ನು ಕಟ್ಟುವುದಕ್ಕೆ ಕಾಸಿರಲಿಲ್ಲವಾದ್ದರಿಂದ ಹಳೆಯದು ಹಾಗೆಯೇ ನಿಂತಿತು. 1990ರಲ್ಲಿ ಯುನೆಸ್ಕೊ ಊರಿನ ಹಳೆಯ ಭಾಗವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸುವಾಗ ಮೆಚ್ಚಿಕೊಂಡ ಮಧ್ಯಯುಗದ ಸ್ವರೂಪವು ಬಹುಮಟ್ಟಿಗೆ ಈ ಬಡತನದ ಫಲ.

ನೋಡಬೇಕಾದವು

ಊರಿನ ಹೃದಯದಲ್ಲಿ ಒಂದಕ್ಕೊಂದು ಅಂಟಿಕೊಂಡ ಎರಡು ಚೌಕಗಳಿವೆ. ಚಿಸ್ತೆರ್ನಾ ಚೌಕ ತ್ರಿಕೋನಾಕಾರದ್ದು, ಇಟ್ಟಿಗೆ ಹಾಸಿದ ಇಳಿಜಾರು ನೆಲ, ನಡುವೆ 1273ರಲ್ಲಿ ಕಟ್ಟಿ 1346ರಲ್ಲಿ ವಿಸ್ತರಿಸಿದ ಎಂಟು ಮೂಲೆಯ ಕಟ್ಟೆಯ ಬಾವಿ. ಅದಕ್ಕೆ ಹೊಂದಿಕೊಂಡ ದುವೊಮೊ ಚೌಕದಲ್ಲಿ ಮುಖ್ಯ ಚರ್ಚು ಮತ್ತು ಕಮ್ಯೂನಿನ ಅರಮನೆ ಸೇರಿಕೊಂಡಿವೆ. ವ್ಯಾಪಾರಕ್ಕೆ ಒಂದು, ಧರ್ಮ ಮತ್ತು ಅಧಿಕಾರಕ್ಕೆ ಇನ್ನೊಂದು ಎಂದು ಬೇರ್ಪಡಿಸಿಕೊಂಡು ನೋಡಿದರೆ ಊರಿನ ವಿನ್ಯಾಸ ಸುಲಭವಾಗಿ ಗ್ರಹಿಕೆಗೆ ಬರುತ್ತದೆ.

1148ರಲ್ಲಿ ಪ್ರತಿಷ್ಠಾಪನೆಗೊಂಡ ಕೊಲ್ಲೆಜಾತಾ ಎಂಬ ಮುಖ್ಯ ಚರ್ಚು ಹೊರಗಿನಿಂದ ತೀರ ಸಾದಾ. ಒಳಗೆ ಕಾಲಿಟ್ಟರೆ ಎರಡು ಬದಿಯ ಗೋಡೆಗಳೂ ಮೇಲಿನಿಂದ ಕೆಳಗೆ ಚಿತ್ರಮಯ. ಎಡಗೋಡೆಯಲ್ಲಿ ಬಾರ್ತೊಲೊ ದಿ ಫ್ರೆದಿ 1367ರಲ್ಲಿ ಮುಗಿಸಿದ ಹಳೆಯ ಒಡಂಬಡಿಕೆಯ ಕಥೆಗಳು: ಸೃಷ್ಟಿ, ನೋಹನ ನಾವೆ, ಕೆಂಪು ಸಮುದ್ರ ದಾಟುವ ದೃಶ್ಯ, ಯೋಬನ ಸಂಕಟಗಳು. ಬಲಗೋಡೆಯ ಕ್ರಿಸ್ತನ ಜೀವನಚಿತ್ರಗಳು ಅದಕ್ಕಿಂತ ಹಿಂದಿನವು. ಹಿಂದೆ ಇವುಗಳನ್ನು ಬಾರ್ನಾ ಎಂಬ ಕಲಾವಿದನ ಕೃತಿಗಳೆನ್ನುತ್ತಿದ್ದರು, ಈಗಿನ ವಿದ್ವಾಂಸರು ಲಿಪ್ಪೊ ಮೆಮ್ಮಿಯ ಕಾರ್ಯಾಗಾರಕ್ಕೆ ಸೇರಿಸುತ್ತಾರೆ. ಪರೀಕ್ಷೆಗೆ ಓದುವವರು ಹಳೆಯ ಪುಸ್ತಕಗಳಲ್ಲಿ ಬಾರ್ನಾ ಹೆಸರನ್ನು ಕಂಡು ಗೊಂದಲಗೊಳ್ಳಬೇಕಿಲ್ಲ.

ಇದೇ ಚರ್ಚಿನ ಸಾಂತಾ ಫೀನಾ ಗುಡಿಗೆ ಹೆಚ್ಚು ಸಮಯ ಕೊಡುವುದು ಯೋಗ್ಯ. ಫೀನಾ 1238ರಲ್ಲಿ ಹುಟ್ಟಿ, ರೋಗದಿಂದ ಕೈಕಾಲು ಸ್ವಾಧೀನ ತಪ್ಪಿ, ವರ್ಷಗಟ್ಟಲೆ ಮರದ ಹಲಗೆಯ ಮೇಲೆ ಮಲಗಿ 1253ರ ಮಾರ್ಚ್ 12ರಂದು ತೀರಿಕೊಂಡ ಸ್ಥಳೀಯ ಹುಡುಗಿ. ಅವಳು ಸತ್ತಾಗ ಊರಿನ ಗಂಟೆಗಳು ತಾವಾಗಿಯೇ ಮೊಳಗಿದವು, ಹಲಗೆಯ ಮೇಲೂ ಗೋಪುರಗಳ ಸಂದುಗಳಲ್ಲೂ ಹೂ ಅರಳಿದವು ಎಂದು ಜನ ನಂಬುತ್ತಾರೆ. ಮಾರ್ಚ್ ತಿಂಗಳಲ್ಲಿ ಗೋಪುರದ ಕಲ್ಲುಗಳ ನಡುವೆ ಹಳದಿ ಹೂ ಬಿಡುವುದಂತೂ ಇಂದಿಗೂ ಉಂಟು. ಅವಳ ಹೆಸರಿನಲ್ಲಿ ಬಂದ ಕಾಣಿಕೆಗಳಿಂದ ದೊಡ್ಡ ಆಸ್ಪತ್ರೆಯೊಂದು ನಡೆಯಿತು. ಗುಡಿಯ ವಿನ್ಯಾಸ ಜೂಲಿಯಾನೊ ದಾ ಮಯಾನೊನದು, ಅಮೃತಶಿಲೆಯ ಪೀಠ ಅವನ ತಮ್ಮ ಬೆನೆದೆತ್ತೊನದು, ಗೋಡೆಯ ಎರಡು ಚಿತ್ರಗಳು ಫ್ಲಾರೆನ್ಸ್‌ನ ದೊಮೆನಿಕೊ ಗಿರ್ಲಾಂದಾಯೊನವು. 1470ರ ದಶಕದ ಈ ಚಿತ್ರಗಳಲ್ಲಿ ಫೀನಾಳ ಅಂತ್ಯಸಂಸ್ಕಾರದ ದೃಶ್ಯ ಹೆಸರುವಾಸಿ: ಶವದ ಸುತ್ತ ಸೇರಿದವರ ಮುಖಗಳು ಯಾವುದೋ ಕಥೆಯ ಪಾತ್ರಗಳಂತಿರದೆ, ಬೀದಿಯಲ್ಲಿ ಕಂಡ ನಿಜವಾದ ಮನುಷ್ಯರಂತಿವೆ, ಹಿನ್ನೆಲೆಯಲ್ಲಿ ಸಾನ್ ಜಿಮಿನ್ಯಾನೊದ ಗೋಪುರಗಳೇ ನಿಂತಿವೆ. ಪ್ಲೇಗಿನ ಮುನ್ನ ಸಿಯೆನಾದಿಂದ ಕಲಾವಿದರನ್ನು ಕರೆಸುತ್ತಿದ್ದ ಊರು ಈಗ ಫ್ಲಾರೆನ್ಸ್‌ನತ್ತ ತಿರುಗಿರುವುದು ರಾಜಕೀಯ ಬದಲಾವಣೆಯ ಕುರುಹು.

ಉತ್ತರದ ತುದಿಯ ಸಾಂತ್ ಅಗೊಸ್ತೀನೊ ಚರ್ಚಿನಲ್ಲಿ ಬೆನೊಜ್ಜೊ ಗೊಜ್ಜೊಲಿ 1464-65ರಲ್ಲಿ ಬರೆದ ಸಂತ ಅಗಸ್ಟೀನನ ಜೀವನದ 17 ದೃಶ್ಯಗಳಿವೆ. ಬಾಲಕನನ್ನು ಶಾಲೆಗೆ ಒಪ್ಪಿಸುವ ಮೊದಲ ದೃಶ್ಯದಲ್ಲಿ, ಪಾಠ ತಪ್ಪಿದ ಇನ್ನೊಬ್ಬ ಹುಡುಗನಿಗೆ ಮಾಸ್ತರರು ಬಾರಿಸುತ್ತಿರುವುದನ್ನೂ ಚಿತ್ರಕಾರ ಬಿಟ್ಟಿಲ್ಲ. ಅದೇ ಚರ್ಚಿನಲ್ಲಿ ಅವನು ಬರೆದ ಸಂತ ಸೆಬಾಸ್ಟಿಯನ್ನನ ಚಿತ್ರವು 1464ರ ಪ್ಲೇಗಿನಿಂದ ರಕ್ಷಣೆ ಬೇಡಿ ಬರೆಸಿದ್ದು. ರೋಗ ಒಮ್ಮೆ ಬಂದು ಹೋದದ್ದಲ್ಲ, ಮತ್ತೆ ಮತ್ತೆ ಮರಳಿದ್ದೆಂಬುದಕ್ಕೆ ಅದು ಸಾಕ್ಷಿ.

ಊರಿನ ಬಿಳಿ ದ್ರಾಕ್ಷಾರಸ ವೆರ್ನಾಚ್ಚಾ 1276ರ ಸುಂಕದ ದಾಖಲೆಯಲ್ಲಿಯೇ ಕಾಣಿಸಿಕೊಳ್ಳುತ್ತದೆ. 1966ರಲ್ಲಿ ಇಟಲಿಯಲ್ಲಿ ಮೂಲಸ್ಥಳದ ಮಾನ್ಯತೆ ಪಡೆದ ಮೊತ್ತಮೊದಲ ದ್ರಾಕ್ಷಾರಸ ಇದು. ದಾಂತೆ ತನ್ನ ಕಾವ್ಯದಲ್ಲಿ ವೆರ್ನಾಚ್ಚಾವನ್ನು ಹೆಸರಿಸಿದ್ದಾನೆ ಎಂದು ಮಾರ್ಗದರ್ಶಿಗಳು ಹೆಮ್ಮೆಯಿಂದ ಹೇಳುವುದುಂಟು. ಹೆಸರಿಸಿರುವುದು ನಿಜ, ಆದರೆ ಯಾವ ಊರಿನದೆಂದು ಅವನು ಹೇಳಿಲ್ಲ. ಕೇಸರಿಯ ಕೃಷಿ ಸಣ್ಣ ಪ್ರಮಾಣದಲ್ಲಿ ಮತ್ತೆ ಚಿಗುರಿ, 2005ರಲ್ಲಿ ಯುರೋಪಿನ ಸಂರಕ್ಷಿತ ಮೂಲದ ಮಾನ್ಯತೆ ಗಳಿಸಿದೆ.

ಕೊನೆಯದಾಗಿ ಒಂದು ಅಭ್ಯಾಸ. ಅರಮನೆಯ ವಸ್ತುಸಂಗ್ರಹಾಲಯದಲ್ಲಿ ತದ್ದೆಯೊ ದಿ ಬಾರ್ತೊಲೊ 15ನೇ ಶತಮಾನದ ಆರಂಭದಲ್ಲಿ ಬರೆದ ಫಲಕಚಿತ್ರವಿದೆ. ಅದರಲ್ಲಿ ಸಂತ ಜಿಮಿನ್ಯಾನೊ ಇಡೀ ಊರನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಿದ್ದಾನೆ. ಆ ಚಿತ್ರದ ಪ್ರತಿಯೊಂದನ್ನು ಹಿಡಿದು ರೊಕ್ಕಾದ ಗೋಡೆ ಹತ್ತಿ, ಯಾವ ಗೋಪುರ ಇನ್ನೂ ಇದೆ, ಯಾವುದು ಮೊಟಕಾಗಿ ಪಕ್ಕದ ಮನೆಯ ಮಾಡಿನೊಳಗೆ ಸೇರಿಹೋಗಿದೆ ಎಂದು ಒಂದೊಂದಾಗಿ ಗುರುತು ಹಾಕಿ. ಮೊಟಕಾದವುಗಳ ಬುಡ ಬೀದಿಯ ಮಟ್ಟದಲ್ಲಿ ಇನ್ನೂ ಇರುತ್ತದೆ. ಮನೆಗಳ ಸಾಲಿನಲ್ಲಿ ಬಾಗಿಲು ಕಿರಿದಾಗಿ, ಗೋಡೆ ಅಕ್ಕಪಕ್ಕದ್ದಕ್ಕಿಂತ ದಪ್ಪವಾಗಿ, ಇಟ್ಟಿಗೆಯ ಬದಲು ಕಲ್ಲು ಕಂಡಲ್ಲಿ ಹುಡುಕಬೇಕು.