ಡಿ ಗೆಯಾ ರಿಯಲ್ ಮ್ಯಾಡ್ರಿಡ್ ಸೇರೋದು ನಿಜವಾಗ್ಲೂ ಒಂದು ಫ್ಯಾಕ್ಸ್ ಮಷೀನಿಂದ ತಪ್ಪೋಯ್ತಾ?

2015ರಲ್ಲಿ ಸ್ಪೇನಿನ ಫುಟ್‌ಬಾಲ್ ಗೋಲ್‌ಕೀಪರ್ ಡಿ ಗೆಯಾ ಮ್ಯಾಂಚೆಸ್ಟರ್ ಯುನೈಟೆಡ್ ಬಿಟ್ಟು ರಿಯಲ್ ಮ್ಯಾಡ್ರಿಡ್ ಸೇರೋ ಡೀಲ್ ಕೊನೇ ಗಳಿಗೇಲಿ ಮುರಿದುಬಿತ್ತು, ಫ್ಯಾಕ್ಸ್ ಮಷೀನ್ ಕೈಕೊಟ್ಟು ಪೇಪರ್ ಎರಡು ನಿಮಿಷ ಲೇಟಾಯ್ತು ಅಂತ ಒಂದು ಜೋಕ್ ಇದೆ. ಹಾಗಾಗಿ ಈ ಪ್ರಶ್ನೆ ಪ್ರತಿ ಟ್ರಾನ್ಸ್‌ಫರ್ ವಿಂಡೋ (ಕ್ಲಬ್‌ಗಳು ಆಟಗಾರರನ್ನ ಕೊಂಡು ಮಾರೋಕೆ ಇರೋ ಅವಧಿ) ಮುಗಿಯೋ ಹೊತ್ತಿಗೆ ಒಬ್ರಲ್ಲ ಒಬ್ರು ಕೇಳೇ ಕೇಳ್ತಾರೆ. ಸಣ್ಣ ಉತ್ತರ: ಇಲ್ಲ, ಅಲ್ಲಿ ಫ್ಯಾಕ್ಸ್ ಮಷೀನ್ ಅನ್ನೋದೇ ಇರ್ಲಿಲ್ಲ. ಆದ್ರೆ ಎರಡು ನಿಮಿಷ ಲೇಟಾಗಿದ್ದು ಅಂತಾರಲ್ಲ ಆ ಕತೆ ಮಾತ್ರ ಪೂರ್ತಿ ಸುಳ್ಳೇನಲ್ಲ, ಯಾರು ಲೇಟ್ ಮಾಡಿದ್ದು ಅನ್ನೋದರಲ್ಲೇ ಜಗಳ ಇರೋದು.

ಮೊದಲು ಹುಡುಗ ಯಾರು ಅಂತ ನೋಡೋಣ. ಡೇವಿಡ್ ಡಿ ಗೆಯಾ, 1990ರ ನವೆಂಬರ್ 7ಕ್ಕೆ ಮ್ಯಾಡ್ರಿಡ್‌ನಲ್ಲೇ ಹುಟ್ಟಿದವನು, ಆದ್ರೆ ಬೆಳೆದಿದ್ದು ರಿಯಲ್ ಕಡೆಯಲ್ಲ, ಅದೇ ಊರಿನ ಇನ್ನೊಂದು ಕ್ಲಬ್ ಅಟ್ಲೆಟಿಕೊ ಅಕಾಡೆಮೀಲಿ. 2009ರಲ್ಲಿ ಪೋರ್ಟೊ ವಿರುದ್ಧದ ಚಾಂಪಿಯನ್ಸ್ ಲೀಗ್ ಮ್ಯಾಚಲ್ಲಿ ಆಡ್ತಿದ್ದ ಕೀಪರ್‌ಗೆ ಇಂಜುರಿ ಆಗಿ ಇವನನ್ನ ಇಳಿಸಿದ್ರು, ಅದೇ ಸೀಸನ್ ಕೊನೇಲಿ ಯುರೋಪಾ ಲೀಗ್ ಕಪ್ ಕೈಯಲ್ಲಿತ್ತು, ಆಮೇಲೆ ಸೂಪರ್ ಕಪ್ಪಲ್ಲಿ ಇಂಟರ್ ಮಿಲಾನಿನ ಮಿಲಿಟೊ ಹೊಡೆದ ಪೆನಾಲ್ಟಿ ಬೇರೆ ಹಿಡಿದ. ವಯಸ್ಸಿನ್ನೂ 19!

2011ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಕೀಪರ್ ವಾನ್ ಡರ್ ಸಾರ್ ರಿಟೈರ್ ಆದಾಗ ಅಲ್ಲಿನ ಮ್ಯಾನೇಜರ್ ಫರ್ಗುಸನ್ ಇವನನ್ನ ತಗೊಂಡ್ರು. ಸುಮಾರು 1.9 ಕೋಟಿ ಪೌಂಡ್, ಆಗ ಬ್ರಿಟನ್‌ನಲ್ಲಿ ಯಾವ ಕೀಪರ್‌ಗೂ ಅಷ್ಟು ಕೊಟ್ಟಿರ್ಲಿಲ್ಲ. ಶುರು ಅಂತೂ ಗೋಳು. ಸೀಸನ್ ಶುರುವಿನ ಕಮ್ಯುನಿಟಿ ಶೀಲ್ಡ್ ಮ್ಯಾಚಲ್ಲಿ ಮ್ಯಾಂಚೆಸ್ಟರ್ ಸಿಟಿಯ ಜೆಕೊ ದೂರದಿಂದ ಹೊಡೆದಿದ್ದು ಒಳಗೆ ಹೋಯ್ತು, ಲೀಗಿನ ಮೊದಲ ಮ್ಯಾಚಲ್ಲೇ ವೆಸ್ಟ್ ಬ್ರಾಮ್‌ನ ಶೇನ್ ಲಾಂಗ್ ಹೊಡೆದ ಸಾಧಾರಣ ಬಾಲ್ ಕೈ ಕೆಳಗಿಂದ ಜಾರಿತು, ಇಂಗ್ಲಿಷ್ ಪೇಪರ್‌ಗಳು ಇವನು ಕಡ್ಡಿ ಥರ ಇದಾನೆ, ಕಾರ್ನರ್ ಬಂದ್ರೆ ತಳ್ಳಾಡ್ಬಿಡ್ತಾರೆ ಅಂತ ಬರೆದಿದ್ದೇ ಬರೆದಿದ್ದು. ಗೋಲ್‌ಕೀಪಿಂಗ್ ಕೋಚ್ ಎರಿಕ್ ಸ್ಟೀಲ್ ಇವನ ಊಟ, ಜಿಮ್ಮು ಎಲ್ಲ ಬದಲಾಯಿಸಿ ಮೈ ಕೂಡಿಸಿದ್ರು, ಇವನ ಜೊತೆ ಮಾತಾಡೋಕೆ ತಾವೇ ಸ್ಪ್ಯಾನಿಷ್ ಕಲಿತ್ರು. 2012ರ ಫೆಬ್ರವರಿಯಲ್ಲಿ ಚೆಲ್ಸಿ ಮೇಲೆ 3-3 ಆದ ಮ್ಯಾಚ್ ಇದೆ ನೋಡಿ, ಅದರಲ್ಲಿ ಮಾಟಾ ಫ್ರೀ ಕಿಕ್ ಮೇಲಿನ ಮೂಲೆಗೆ ಹೋಗ್ತಿದ್ದನ್ನ ಹಾರಿ ತಳ್ಳಿದ್ನಲ್ಲ, ನನ್ ಪ್ರಕಾರ ಅಲ್ಲಿಂದಲೇ ಮಾತು ತಿರುಗಿದ್ದು. ಮುಂದಿನ ಸೀಸನ್ ಲೀಗ್ ಗೆದ್ರು, ಫರ್ಗುಸನ್ ಹೋದ್ರು, ತಂಡ ಕುಸೀತು, ಇವನು ಮಾತ್ರ ಮೇಲೇರ್ತಾನೇ ಇದ್ದ. 2014 ಡಿಸೆಂಬರ್‌ನಲ್ಲಿ ಲಿವರ್‌ಪೂಲ್‌ನ 3-0 ಸೋಲಿಸಿದ ಮ್ಯಾಚ್ ನೋಡಿದೋರಿಗೆ ಗೊತ್ತು, ಸ್ಕೋರ್ ನೋಡಿದ್ರೆ ಸುಲಭ ಅನ್ಸುತ್ತೆ ಆದ್ರೆ ಇವನು ಇಲ್ದಿದ್ರೆ ಆ ಕಡೆಗೂ ಮೂರು ಗೋಲ್ ಬಿದ್ದಿರ್ತಿತ್ತು.

ಈಗ 2015ಕ್ಕೆ ಬರೋಣ. ಆ ಜುಲೈಲಿ ರಿಯಲ್‌ನ ಹಳೇ ಕೀಪರ್ ಕಸಿಯಾಸ್ ಕ್ಲಬ್ ಬಿಟ್ಟು ಪೋರ್ಟೊಗೆ ಹೋದ. ಡಿ ಗೆಯಾ ಕಾಂಟ್ರಾಕ್ಟ್ 2016ರ ಜೂನ್‌ಗೆ ಮುಗೀತಿತ್ತು. ಅಂದ್ರೆ ಒಂದು ವರ್ಷ ಕಾದ್ರೆ ರಿಯಲ್‌ಗೆ ಪುಕ್ಕಟೆ ಸಿಗ್ತಾನೆ, ಈಗ್ಲೇ ಬೇಕು ಅಂದ್ರೆ ದುಡ್ಡು ಕೊಡ್ಬೇಕು. ಯುನೈಟೆಡ್‌ಗೆ ಮಾರೋಕೆ ಇಷ್ಟ ಇಲ್ಲ, ಸುಮ್ನೆ ಬಿಟ್ರೆ ಮುಂದಿನ ವರ್ಷ ಪೈಸಾನೂ ಬರಲ್ಲ. ಎರಡೂ ಕಡೆಯವ್ರು ಎದುರಿನವ್ರೇ ಮೊದಲು ಬಗ್ಗಲಿ ಅಂತ ಕೂತ್ಕೊಂಡು ಇಡೀ ಬೇಸಿಗೆ ಕಳೆದ್ರು. ಕೋಚ್ ವಾನ್ ಗಾಲ್ ಇವನ ತಲೆ ಇಲ್ಲಿಲ್ಲ ಅಂತ ಟೀಮಿಂದಾನೇ ಹೊರಗಿಟ್ರು, ಸೆರ್ಗಿಯೊ ರೊಮೆರೊ ಆಡ್ತಿದ್ದ, ಇವನು ಸ್ಟ್ಯಾಂಡಲ್ಲಿ ಕೂತಿದ್ದ.

ಕೊನೆಗೆ ಆಗಸ್ಟ್ 31, ಸ್ಪೇನ್‌ನಲ್ಲಿ ವಿಂಡೋ ಮುಚ್ಚೋ ದಿನಾನೇ ಡೀಲ್ ಕುದುರಿತು. ಡಿ ಗೆಯಾ ಮ್ಯಾಡ್ರಿಡ್‌ಗೆ, ರಿಯಲ್‌ನ ಕೋಸ್ಟಾ ರಿಕಾ ಕೀಪರ್ ಕೇಲರ್ ನವಾಸ್ ಮ್ಯಾಂಚೆಸ್ಟರ್‌ಗೆ, ಮೇಲೆ ದುಡ್ಡು. ಒಂದು ಸೈಟ್ ಮಾರಿ ಇನ್ನೊಂದು ಸೈಟ್ ತಗೊಳ್ಳೋ ಎರಡು ರಿಜಿಸ್ಟ್ರೇಷನ್ನ, ಸಬ್ ರಿಜಿಸ್ಟ್ರಾರ್ ಆಫೀಸ್ ಬಾಗಿಲು ಹಾಕೋ ಹೊತ್ತಿಗೆ ಒಟ್ಟಿಗೆ ಮಾಡಿಸೋಕೆ ಹೋದಂಗೆ. ಡೆಡ್‌ಲೈನ್ ಮ್ಯಾಡ್ರಿಡ್ ಟೈಮಲ್ಲಿ ರಾತ್ರಿ 12, ಇಂಗ್ಲೆಂಡಲ್ಲಿ 11, ನಮಗೆ ಬೆಳಗಿನ ಜಾವ 3:30. ಎದ್ದು ಕೂತಿದ್ದ ಯುನೈಟೆಡ್ ಫ್ಯಾನ್‌ಗಳು ನಮ್ಮಲ್ಲೂ ಕಮ್ಮಿ ಇರ್ಲಿಲ್ಲ.

ಇಲ್ಲಿ ಸ್ವಲ್ಪ ಟೆಕ್ನಿಕಲ್ ವಿಷಯ ಇದೆ, ಅರ್ಥ ಆಗ್ದಿದ್ರೆ ಇಡೀ ಜಗಳಾನೇ ಅರ್ಥ ಆಗಲ್ಲ. ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಆಟಗಾರ ಹೋಗ್ಬೇಕು ಅಂದ್ರೆ ಇಂಟರ್‌ನ್ಯಾಷನಲ್ ಟ್ರಾನ್ಸ್‌ಫರ್ ಸರ್ಟಿಫಿಕೇಟ್ ಬೇಕು. ಹಿಂದೆ ಇದೆಲ್ಲ ಫ್ಯಾಕ್ಸಲ್ಲೇ ಓಡಾಡ್ತಿತ್ತು, ಜೋಕಿಗೆ ಫ್ಯಾಕ್ಸ್ ಅಂಟಿಕೊಂಡಿದ್ದು ಆ ಹಳೇ ಕಾಲದ ನೆನಪಿಂದ ಇರ್ಬೇಕು. 2010ರ ಅಕ್ಟೋಬರ್‌ನಿಂದ ಫಿಫಾದ ಆನ್‌ಲೈನ್ ಸಿಸ್ಟಮ್ಮು, ಟಿಎಂಎಸ್ ಅಂತಾರೆ, ಕಡ್ಡಾಯ ಆಯ್ತು. ಮಾರೋ ಕ್ಲಬ್ಬು ತಗೊಳ್ಳೋ ಕ್ಲಬ್ಬು ಎರಡೂ ಬೇರೆ ಬೇರೆಯಾಗಿ ಡೀಟೇಲ್ಸ್ ಹಾಕ್ಬೇಕು, ಎರಡೂ ತಾಳೆ ಆಗ್ಬೇಕು, ಪೇಪರ್‌ಗಳು ಅಪ್‌ಲೋಡ್ ಆಗಿರ್ಬೇಕು, ಅದೂ ತಗೊಳ್ಳೋ ದೇಶದ ವಿಂಡೋ ಮುಚ್ಚೋದರೊಳಗೆ. ಒಂದು ಕಡೆಯವ್ರು ಟೈಮಿಗೆ ಸರಿಯಾಗಿ ಮಾಡಿದ್ರೆ ಸಾಕಾಗಲ್ಲ.

ರಿಯಲ್ ಮಾರನೇ ದಿನ ಹತ್ತು ಪಾಯಿಂಟ್‌ಗಳ ಹೇಳಿಕೆ ಬಿಟ್ಟಿತು: ಯುನೈಟೆಡ್‌ನವ್ರು ಮಾತಿಗೆ ಬಾಗಿಲು ತೆಗೆದಿದ್ದೇ 31ರ ಬೆಳಿಗ್ಗೆ, ಸಹಿ ಆದ ಪೇಪರ್ ನಮ್ಮ ಕೈಗೆ ಸೇರಿದ್ದು 12 ಗಂಟೆ 2 ನಿಮಿಷಕ್ಕೆ, ಅಷ್ಟೊತ್ತಿಗೆ ಸಿಸ್ಟಮ್ ಮುಚ್ಚಿತ್ತು. ಯುನೈಟೆಡ್ ಕೂಡ ಬಿಡ್ಲಿಲ್ಲ: 31ರವರೆಗೆ ನಮಗೆ ಆಫರ್ರೇ ಬಂದಿರ್ಲಿಲ್ಲ, ಕೊನೇ ಗಳಿಗೇಲಿ ಪೇಪರಲ್ಲಿ ದೊಡ್ಡ ದೊಡ್ಡ ಬದಲಾವಣೆ ಮಾಡಿ ಕಳಿಸಿದ್ದು ಅವ್ರೇ, ನಾವು ನಮ್ಮ ಟೈಮಲ್ಲಿ 10:58ಕ್ಕೇ ಅಪ್‌ಲೋಡ್ ಮಾಡಿ ಮುಗಿಸಿದ್ವಿ. ಕೊನೆಗೆ, ಇವನು ನಮ್ಮಲ್ಲೇ ಉಳಿದಿದ್ದು ನಮಗೆ ಖುಷಿ ಅಂತ ಬೇರೆ ಸೇರಿಸಿದ್ರು! ಎರಡೂ ಹೇಳಿಕೆ ಓದಿದ್ರೆ ಒಂದು ವಿಷಯ ಮಾತ್ರ ಇಬ್ರೂ ಒಪ್ಕೋತಾರೆ, 31ಕ್ಕಿಂತ ಮುಂಚೆ ಯಾರೂ ಸೀರಿಯಸ್ಸಾಗಿ ಟೇಬಲ್ ಮುಂದೆ ಕೂತಿರ್ಲಿಲ್ಲ ಅನ್ನೋದು. ಅದೇ ನಿಜವಾದ ಕಾರಣ ಅನ್ಸುತ್ತೆ ನಂಗೆ. ಎರಡು ತಿಂಗಳು ಆಟ ಆಡಿ ಕೊನೇ ಎರಡು ನಿಮಿಷದ ಮೇಲೆ ತಪ್ಪು ಹೊರಿಸಿದ್ರು.

ಆಮೇಲೆ ನಡೆದಿದ್ದು ಇನ್ನೂ ಮಜಾ. ಸೆಪ್ಟೆಂಬರ್ 11ಕ್ಕೆ ಇದೇ ಡಿ ಗೆಯಾ ಯುನೈಟೆಡ್ ಜೊತೆ ನಾಲ್ಕು ವರ್ಷದ ಹೊಸ ಕಾಂಟ್ರಾಕ್ಟಿಗೆ ಸಹಿ ಹಾಕಿದ, 12ಕ್ಕೆ ಲಿವರ್‌ಪೂಲ್ ವಿರುದ್ಧ ಗೋಲಲ್ಲಿ ನಿಂತಿದ್ದ, 3-1 ಗೆದ್ರು. ಅಲ್ಲಿ ಯಾರಿಗೂ ಬೇಡವಾಗಿದ್ದ ನವಾಸ್ ಮ್ಯಾಡ್ರಿಡ್‌ನಲ್ಲೇ ಉಳಿದು 2016, 2017, 2018 ಅಂತ ಸಾಲಾಗಿ ಮೂರು ಚಾಂಪಿಯನ್ಸ್ ಲೀಗ್ ಗೆದ್ದ. ಡಿ ಗೆಯಾಗೆ ಅದು ಒಂದೂ ಸಿಗ್ಲೇ ಇಲ್ಲ. ಹಾಗಂತ ಅವನು ಹೋಗಿದ್ರೆ ಅವನೇ ಮೂರೂ ಗೆಲ್ತಿದ್ದ ಅಂತ ಕೆಲವ್ರು ವಾದ ಮಾಡ್ತಾರೆ, ಅದನ್ನ ನಾನು ಒಪ್ಪಲ್ಲ, ಆ ಮೂರು ವರ್ಷ ನವಾಸ್ ಹಿಡಿದ ಬಾಲ್‌ಗಳನ್ನ ಮರೆತು ಮಾತಾಡೋದು ಅನ್ಯಾಯ.

ಮತ್ತೆ ಇವನಿಗೆ ಮ್ಯಾಂಚೆಸ್ಟರ್‌ನಲ್ಲಿ ಸಿಕ್ಕಿದ್ದೇನು? ಕ್ಲಬ್ಬಿನ ಬೆಸ್ಟ್ ಪ್ಲೇಯರ್ ಪ್ರಶಸ್ತಿ ನಾಲ್ಕು ಸಲ, 2016ರಲ್ಲಿ ಎಫ್‌ಎ ಕಪ್, ಎರಡು ಲೀಗ್ ಕಪ್, ಎರಡು ಗೋಲ್ಡನ್ ಗ್ಲೋವ್ (ಲೀಗಲ್ಲಿ ಅತಿ ಹೆಚ್ಚು ಮ್ಯಾಚಲ್ಲಿ ಗೋಲ್ ಬಿಡದ ಕೀಪರ್‌ಗೆ ಕೊಡೋ ಪ್ರಶಸ್ತಿ). 2017 ಡಿಸೆಂಬರ್‌ನಲ್ಲಿ ಆರ್ಸೆನಲ್ ಮೈದಾನದಲ್ಲಿ 14 ಸೇವ್ ಮಾಡಿ 3-1 ಗೆದ್ದಿದ್ದು ಇದೆಯಲ್ಲ, ಕೀಪರ್ ಒಬ್ಬನೇ ಮ್ಯಾಚ್ ಗೆಲ್ಲಿಸ್ಬೋದಾ ಅಂತ ಕೇಳಿದ್ರೆ ಆ ವಿಡಿಯೋ ತೋರಿಸಿ ಸಾಕು, ಅದರಲ್ಲೂ ಕಾಲಲ್ಲಿ ಹೇಗೆ ತಡೀತಾನೆ ನೋಡಿ. ಸ್ಪೇನ್ ಪರ ಮಾತ್ರ ಅದೃಷ್ಟ ಕೈಕೊಟ್ಟಿತು. 2018ರ ವರ್ಲ್ಡ್ ಕಪ್ಪಲ್ಲಿ ಸೋಚಿಯಲ್ಲಿ ರೊನಾಲ್ಡೊ ಹೊಡೆದ ಬಾಲ್ ಕೈಯಿಂದ ಜಾರಿ ಒಳಗೆ ಹೋಯ್ತು, ಇಡೀ ಟೂರ್ನಿಲಿ ಅವನು ಮಾಡಿದ್ದು ಒಂದೇ ಸೇವ್, ರಷ್ಯಾ ವಿರುದ್ಧ ಪೆನಾಲ್ಟಿ ಶೂಟೌಟಲ್ಲಿ ಒಂದನ್ನೂ ಹಿಡೀಲಿಲ್ಲ. 2021ರ ಯುರೋಪಾ ಫೈನಲ್ ಅಂತೂ ಕೇಳ್ಲೇಬೇಡಿ, ವಿಲ್ಲಾರಿಯಲ್ ಮೇಲೆ ಶೂಟೌಟ್ 11-10, ಎರಡೂ ಟೀಮಿನ ಉಳಿದ 21 ಜನ ಗೋಲ್ ಹೊಡೆದ್ರು, ಮಿಸ್ ಮಾಡಿದವನು ಇವನೊಬ್ಬನೇ.

2019ರಲ್ಲಿ ಮತ್ತೆ ದೊಡ್ಡ ಕಾಂಟ್ರಾಕ್ಟ್ ಸಿಕ್ಕಿತು, ಆದ್ರೆ ಆಟ ಬದಲಾಗ್ತಿತ್ತು, ಕೀಪರ್ ಅಂದ್ರೆ ಹಿಂದಿನಿಂದ ಪಾಸ್ ಕೊಡೋನೂ ಆಗ್ಬೇಕು ಅನ್ನೋ ಕಾಲ ಬಂತು, ಅದು ಇವನ ಶಕ್ತಿ ಅಲ್ವೇ ಅಲ್ಲ. 2023ರ ಏಪ್ರಿಲ್‌ನಲ್ಲಿ ಸೆವಿಲ್ಲಾದಲ್ಲಿ 3-0 ಸೋತ ಮ್ಯಾಚ್ ಆ ಕೊರತೇನ ಎಲ್ರ ಮುಂದೆ ಬಿಚ್ಚಿಟ್ಟಿತು. ಆ ಬೇಸಿಗೇಲೇ ಕ್ಲಬ್ ಬಿಟ್ಟ, ಜಾಗಕ್ಕೆ ಒನಾನಾ ಬಂದ. 545 ಮ್ಯಾಚ್, 190 ಕ್ಲೀನ್ ಶೀಟ್, ಅಂದ್ರೆ ಒಂದೂ ಗೋಲ್ ಬಿಡದ ಮ್ಯಾಚ್. ಈ 190, ಹಳೇ ಯುನೈಟೆಡ್ ಕೀಪರ್ ಷ್ಮೈಕಲ್ ದಾಖಲೆ ಮುರಿದ ಯುನೈಟೆಡ್ ರೆಕಾರ್ಡ್.

ಒಂದು ವರ್ಷ ಎಲ್ಲೂ ಆಡ್ಲಿಲ್ಲ, ಕತೆ ಮುಗೀತು ಅಂದ್ಕೊಂಡ್ರು ಎಲ್ರೂ. 2024ರ ಆಗಸ್ಟ್‌ನಲ್ಲಿ ಇಟಲಿಯ ಫಿಯೊರೆಂಟಿನಾ ಫ್ರೀಯಾಗಿ ಕರ್ಕೊಂಡಿತು, ಅಕ್ಟೋಬರ್‌ನಲ್ಲಿ ಮಿಲಾನ್ ವಿರುದ್ಧ ಒಂದೇ ಮ್ಯಾಚಲ್ಲಿ ಥಿಯೊ ಹೆರ್ನಾಂಡೆಸ್‌ದು ಒಂದು, ಟ್ಯಾಮಿ ಅಬ್ರಹಾಂದು ಒಂದು, ಎರಡು ಪೆನಾಲ್ಟಿ ಹಿಡಿದ, 2-1 ಗೆದ್ರು. ಮುಂದಿನ ವರ್ಷ 2028ರವರೆಗೆ ಕಾಂಟ್ರಾಕ್ಟ್ ಬರೆದುಕೊಟ್ರು, ಈ ಸಲ ಪೇಪರ್ ಟೈಮಿಗೆ ಸರಿಯಾಗೇ ಮುಗೀತು.